ನೇಮಿಚಂದ್ರನ ‘ಲೀಲಾವತಿ’

ಪ್ರಾಪ್ತವಯಸ್ಕರಿಗೆಂದೇ ಬರೆದ ಅದ್ಭುತಪ್ರಣಯದ ಕಾದಂಬರಿಗಳು ಈಚೆಗೆ ಸುಶಿಕ್ಷಿತರ ಮನೆಗಳಲ್ಲಿ ವಿಶೇಷವಾಗಿ ಪ್ರಚಾರಕ್ಕೆ ಬಂದಿರುವುವು. ಮಾಯಾರಾಜ್ಯಗಳು, ಆಕಾಶದಲ್ಲಿ ಸಂಚರಿಸುವ ವಾಹನಗಳು, ಎಂದೂ ಕಾಣದವರಲ್ಲಿ ಮನಸ್ಸನ್ನಿಟ್ಟು ಕೊರಗುವ ನಾಯಕನಾಯಿಕೆಯರು ಇವುಗಳಲ್ಲಿ ಹೇರಳವಾಗಿ ಕಾಣಬರುವರು. ಹಿರಿಯರು ಇದನ್ನು ಪಶ್ಚಿಮದಿಂದ ಬಂದ ಚಾಪಲ್ಯವೆಂದು ಜರೆಯುವರು. ಕಿರಿಯರು ತಮ್ಮ ಕಾಲವೇ ಕಂಡುಹಿಡಿದ ಹೊಸ ರುಚಿಯೆಂದು ಹಿಗ್ಗುವರು. ಈ ಎರಡು ಮಾತುಗಳೂ ಸಮನಾಗಿ ನಿರಾಧಾರವಾದುವು. ಶಿಕಾರಿಪುರ ಸೊರಬಗಳ ಸೀಮೆಯವರಂತೂ ಹೀಗೆ ಹೇಳುವುದು ಉಚಿತವಲ್ಲ. ಏಕೆಂದರೆ, ಕನ್ನಡದಲ್ಲಿ ಈ ಜಾತಿಗೆ ಸೇರಿದ ಅತಿ ಪ್ರಾಚೀನ ಕಥೆಗಳಲ್ಲೊಂದು ಅವರ ನೆರೆಯ ಬನವಾಸಿಯನ್ನೇ ರಂಗಸ್ಥಳವನ್ನಾಗಿ ಮಾಡಿಕೊಂಡಿರುವುದು. ಅದು 12ನೆಯ ಶತಮಾನದ ಜೈನಕವಿ ನೇಮಿಚಂದ್ರನ ‘ಲೀಲಾವತೀ ಪ್ರಬಂಧ’ವು.

ಕಾದಂಬರಿಯೆಂಬ ಹೆಸರನ್ನೇ ಮೊದಲು ವಿಚಾರಿಸಬಹುದು. ಇಂದು ಎಲ್ಲ ಬಗೆಯ ದೀರ್ಘ ಗದ್ಯಕಥೆಗಳಿಗೂ ಸಲ್ಲುವ ಈ ಶಬ್ದವು 7ನೆಯ ಶತಮಾನದ ಬಾಣಭಟ್ಟನ ಒಂದು ಕಾವ್ಯದ ಹೆಸರು, ಆ ಕಾವ್ಯದ ನಾಯಿಕೆಯ ಹೆಸರು. ಗಿಳಿಯೊಂದು ಮಾತನಾಡುವುದು, ಮೃತನಾದ ಪ್ರಿಯನಿಗಾಗಿ ಪ್ರೇಯಸಿ ಕಾದಿರುವುದು, ಜನ್ಮಾಂತರದಲ್ಲಿ ಸಮಾಗಮವಾಗುವುದು ಇವೇ ಅದರ ಸಾಮಗ್ರಿ. ಅದನ್ನು ನಾಗವರ್ಮನು ಕನ್ನಡಕ್ಕೆ ತಂದನು. ಆದಕಾರಣ ಅದ್ಭುತಪ್ರಣಯವು ಕಾದಂಬರಿಗೆ ಹೊರಗಿನಿಂದ ಅಂಟಿದ ದೋಷವಲ್ಲ. ಅದು ಆ ಹೆಸರಿನೊಡನೆಯೇ ಹುಟ್ಟಿದುದು. ನೇಮಿಚಂದ್ರನು ಆಶ್ರಯಿಸಿದ ಮೂಲವು ಅದೇ ಕುಲಕ್ಕೆ ಸೇರಿದ ಸುಬಂಧುವಿನ ‘ವಾಸವದತ್ತಾ’. ರಾಜಕುಮಾರನು ಕನಸಿನಲ್ಲಿ ಕನ್ಯೆಯನ್ನು ಕಂಡು ಗೆಳೆಯನೊಡನೆ ಅರಸುತ್ತ ಹೊರಡುವುದು, ಪಕ್ಷಿಗಳ ಮಾತಿನಿಂದ ಅವಳ ಸುಳಿವು ತಿಳಿಯುವುದು, ಮಾಯಾಶ್ವದ ಮೇಲೆ ಪಲಾಯನ, ಶಾಪದಿಂದ ಶಿಲೆಯಾದವಳು ಪ್ರಿಯನ ಸ್ಪರ್ಶದಿಂದ ಮರಳಿ ಜೀವತಳೆಯುವುದು ಇವೆಲ್ಲ ಸಂಸ್ಕೃತ ಕಥೆಯಲ್ಲಿರುವುವು.

ನೇಮಿಚಂದ್ರನು ಈ ಕಥಾಬೀಜವನ್ನು ತಂದು ಕನ್ನಡನಾಡಿನ ಮಣ್ಣಿನಲ್ಲಿ ಬಿತ್ತಿದನು. ಅವನ ನಾಯಕನಾದ ಕಂದರ್ಪನು ಕದಂಬ ಕುಲದ ಕುಮಾರನು; ಅವನ ಊರು ಜಯಂತೀಪುರ, ಎಂದರೆ ವರದೆಯ ದಡದ ಬನವಾಸಿ. ಕುಮಾರನು ಲೀಲಾವತಿಯನ್ನು ಸ್ವಪ್ನದಲ್ಲಿ ಕಾಣುವನು. ಅವಳೂ ಅವನನ್ನು ಸ್ವಪ್ನದಲ್ಲಿಯೇ ಕಾಣುವಳು. ಒಬ್ಬರನ್ನೊಬ್ಬರು ಅರಿಯದ ಇವರು ಪರಸ್ಪರ ಅನ್ವೇಷಣದಲ್ಲಿ ತೊಡಗಿ, ನಾನಾ ವಿಘ್ನಗಳನ್ನು ದಾಟಿ ಕಡೆಗೆ ವಿವಾಹಿತರಾಗುವರು. ಗದ್ಯಪದ್ಯಗಳೆರಡೂ ಬೆರೆತ ಚಂಪೂ ರೂಪದಲ್ಲಿ ಕವಿಯು ಇದನ್ನು ವಿಸ್ತರಿಸಿ ಹೇಳಿರುವನು.

ಈ ಕುಮಾರನ ಹೆಸರು ಯಾವ ಶಾಸನದಲ್ಲಿಯೂ ದೊರೆಯತಕ್ಕುದಲ್ಲ. ಅವನು ಕೇವಲ ಕವಿಕಲ್ಪಿತನು. ನಿಜವಾದ ಕದಂಬರನ್ನು ಕಾಣಬೇಕೆಂಬವರು ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ, ಪ್ರಣವೇಶ್ವರ ದೇವಾಲಯದ ಮುಂದಣ ಸ್ತಂಭವನ್ನು ನೋಡಬೇಕು. 5ನೆಯ ಶತಮಾನದ ಆ ಸಂಸ್ಕೃತ ಲೇಖವನ್ನು ರಚಿಸಿದವನು ಕುಬ್ಜನೆಂಬ ಕವಿ. ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ಮಯೂರಶರ್ಮನು ಪಲ್ಲವರಿಂದ ಅವಮಾನಿತನಾಗಿ, ದರ್ಭೆಯನ್ನು ಹಿಡಿಯಬೇಕಾದ ಕೈಯಿಂದ ಖಡ್ಗವನ್ನು ಹಿಡಿದನೆಂದು ಅದು ತಿಳಿಸುವುದು. ಅವನ ಸಂತತಿಯ ಕಾಕುಸ್ಥವರ್ಮನು ತನ್ನ ಕುಮಾರಿಯರನ್ನು ಗುಪ್ತರೇ ಮೊದಲಾದ ರಾಜವಂಶಗಳಿಗೆ ಕೊಟ್ಟನೆಂಬುದನ್ನೂ ಅದು ಸೂರ್ಯಕಿರಣಗಳ ರೂಪಕದಿಂದ ಹೇಳುವುದು. ಆದರೆ ಆ ಕುಮಾರಿಯರ ಹೆಸರುಗಳು ಮಾತ್ರ ಅಲ್ಲಿಲ್ಲ. ಅವರು ಯಾರನ್ನು ಬಯಸಿದ್ದರೆಂದು ಕೇಳಿದವರೂ ಇಲ್ಲ. ರಾಜ್ಯಗಳ ಸ್ನೇಹಕ್ಕಾಗಿ ಅವರ ವಿವಾಹವಾಯಿತು. ಶಾಸನವು ತಂದೆಯ ಕೀರ್ತಿಯನ್ನು ಬರೆದುಕೊಂಡಿತು.

ಈ ಶಾಸನದ ಮಗ್ಗುಲಲ್ಲಿಟ್ಟು ನೋಡಿದಾಗ ‘ಲೀಲಾವತಿ’ಯ ಸ್ವಾರಸ್ಯವು ಸ್ಪಷ್ಟವಾಗುವುದು. ಅರಮನೆಯ ಕನ್ಯೆಗೆ ಚರಿತ್ರೆಯು ಕೊಡದುದನ್ನು ಕಥೆಯು ಕೊಟ್ಟಿತು. ನಾಯಕನೊಬ್ಬನೇ ಕನಸು ಕಂಡಿದ್ದರೆ ಲೀಲಾವತಿಯು ಅವನು ಗೆದ್ದು ತಂದ ಒಂದು ವಸ್ತುವಾಗಿ ಉಳಿಯುತ್ತಿದ್ದಳು. ಅವಳೂ ಕಂಡುದರಿಂದ ವರಣದಲ್ಲಿ ಅವಳಿಗೂ ಅವನಷ್ಟೇ ಅಧಿಕಾರವುಂಟಾಯಿತು. ಕನ್ನಡನಾಡಿನ ಆ ಶತಮಾನವು ಇದೇ ಪ್ರಶ್ನೆಯನ್ನು ಬೇರೊಂದು ಮುಖದಿಂದಲೂ ಕಂಡಿತು. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಮಹಾದೇವಿಯು ಅರಸನ ಇಚ್ಛೆಯನ್ನು ತಿರಸ್ಕರಿಸಿ, ಚೆನ್ನಮಲ್ಲಿಕಾರ್ಜುನನೇ ತನ್ನ ಪತಿಯೆಂದು ಸಾರಿ ಹೊರಟವಳು. ಒಂದು ಶೃಂಗಾರಕಥೆ, ಇನ್ನೊಂದು ವೈರಾಗ್ಯದ ಮಾರ್ಗ. ಆದರೂ ತನ್ನ ವರನನ್ನು ತಾನೇ ಕಾಣುವ ಕನ್ಯೆಯು ಎರಡರಲ್ಲಿಯೂ ಇರುವಳು. ಪ್ರಣಯಕಥೆಗಳನ್ನು ಹೆಣ್ಣುಮಕ್ಕಳು ಓದಬಾರದೆಂದು ನಿಷೇಧಿಸುವ ಗೃಹಸ್ಥರು ಇದನ್ನು ಆಲೋಚಿಸಬೇಕು. ಇಂತಹ ಕಥೆಗಳಲ್ಲಿ ಅವರು ಹುಡುಕುವುದು ಭೋಗವನ್ನಲ್ಲ. ತಮ್ಮ ಮನಸ್ಸಿಗೂ ಒಂದು ಬೆಲೆಯುಂಟೆಂಬ ಮಾತನ್ನು.

ಇಷ್ಟು ಹೇಳಿದ ಮಾತ್ರಕ್ಕೆ ಕಾವ್ಯವು ನಿರ್ದುಷ್ಟವಾದುದೆಂದು ತಿಳಿಯಬಾರದು. ಲೋಕದಲ್ಲಿ ನಡೆಯಲಿ ನಡೆಯದಿರಲಿ, ಕವಿಯ ಕಾವ್ಯದಲ್ಲಿ ನಡೆದುದು ನಡೆದಂತೆಯೇ ಸರಿ ಎಂಬುದು ನೇಮಿಚಂದ್ರನ ಪ್ರಸಿದ್ಧವಾದ ನಿಲುವು. ಕಲ್ಪನೆಗೆ ಇದಕ್ಕಿಂತ ಧೀರವಾದ ಸಮರ್ಥನೆ ಬೇಕಿಲ್ಲ. ಆದರೆ ಆ ಸ್ವಾತಂತ್ರ್ಯವನ್ನು ಅವನು ಕಥೆಗಿಂತ ವರ್ಣನೆಗೇ ಹೆಚ್ಚಾಗಿ ವ್ಯಯಮಾಡಿರುವನು. ಉತ್ಪ್ರೇಕ್ಷೆಯ ಮೇಲೆ ಉತ್ಪ್ರೇಕ್ಷೆ ಬಂದು, ಕುಮಾರನ ವಿರಹಕ್ಕೆ ಮರುಗಬೇಕಾದ ಸಹೃದಯನು ಕವಿಯ ಚಮತ್ಕಾರಕ್ಕೆ ತಲೆದೂಗುವುದರಲ್ಲಿಯೇ ನಿಲ್ಲುವನು. ಸ್ಥಳದ ವಿಷಯದಲ್ಲಿಯೂ ಹೀಗೆಯೇ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಪಂಪನು ಕೆಲವೇ ಪದ್ಯಗಳಲ್ಲಿ ಬನವಾಸಿಯ ಗಾಳಿ ಹೂವುಗಳನ್ನು ಮನಸ್ಸಿಗೆ ಅಂಟಿಸುವನು, ನೇಮಿಚಂದ್ರನ ಜಯಂತೀಪುರವಾದರೋ ಅಲಂಕಾರಶಾಸ್ತ್ರವು ವಿಧಿಸಿದ ಅಷ್ಟಾದಶವರ್ಣನೆಗಳ ನಗರವು. ಇಂದಿನ ಅದ್ಭುತಪ್ರಣಯದ ಲೇಖಕರೂ ಹೊಸ ಲೋಕವನ್ನು ವರ್ಣಿಸುವ ಉತ್ಸಾಹದಲ್ಲಿ ಅಲ್ಲಿರುವವರ ಸುಖದುಃಖಗಳನ್ನು ಮರೆಯುವುದುಂಟು. ರೋಗವು ಹಳೆಯದೇ ಸರಿ.

ಶೃಂಗಾರದ ಔಚಿತ್ಯವನ್ನು ಕುರಿತು ಒಂದು ಮಾತು. ಶೃಂಗಾರವೇ ರಸಗಳಲ್ಲಿ ಮುಖ್ಯವಾದುದೆಂಬ ಪಕ್ಷವನ್ನು ಹಿಡಿದವನು ನೇಮಿಚಂದ್ರನು. ಅವನಿಂದ ಸಂಕೋಚವನ್ನು ನಿರೀಕ್ಷಿಸುವುದು ವ್ಯರ್ಥ. ಆದರೆ ಈ ವಿವಾದವು ಅವನಿಂದ ಹುಟ್ಟಿದುದಲ್ಲ. ಕಾಳಿದಾಸನು ‘ಕುಮಾರಸಂಭವ’ದಲ್ಲಿ ಪಾರ್ವತೀಪರಮೇಶ್ವರರ ಸಂಭೋಗವನ್ನು ವರ್ಣಿಸಿದುದನ್ನು ಆಲಂಕಾರಿಕರೇ ಆಕ್ಷೇಪಿಸಿರುವರು. ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂಬುದು ಆನಂದವರ್ಧನನ ಮತ. ವರ್ಣಿತವಾದುದು ಏನೆಂಬುದಕ್ಕಿಂತ ಯಾರಿಗಾಗಿ, ಎಲ್ಲಿ, ಎಷ್ಟು ಎಂಬುದೇ ಇಲ್ಲಿ ವಿಚಾರಣೀಯ. ಈ ತಕ್ಕಡಿಯಲ್ಲಿ ತೂಗಿದರೆ ‘ಲೀಲಾವತಿ’ಯ ದೋಷವು ಅಶ್ಲೀಲತೆಯಲ್ಲ, ಅತಿವಿಸ್ತರ. ಇದು ಮಕ್ಕಳ ಕೈಗೆ ಕೊಡತಕ್ಕ ಗ್ರಂಥವಲ್ಲವೆಂಬುದು ನಿಜ. ಪ್ರಾಯಕ್ಕೆ ಬಂದವರು ಬಚ್ಚಿಟ್ಟುಕೊಂಡು ಓದಬೇಕಾದುದೂ ಅಲ್ಲ.

ಬನವಾಸಿಯನ್ನೇ ಆಶ್ರಯಿಸಿದ ಇನ್ನೊಂದು ಪ್ರಣಯಕಥೆಯನ್ನು ಜೊತೆಯಲ್ಲಿ ಓದುವುದು ಉಪಯುಕ್ತವು. 15ನೆಯ ಶತಮಾನದ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಬನವಾಸಿಯ ಅರಸು ಮಮಕಾರನ ಮಗಳಾದ ಮಾಯೆಯನ್ನು ಚಿತ್ರಿಸಿರುವನು. ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ನುಡಿಸುವ ಅಲ್ಲಮನಿಗೆ ಅವಳು ಮನಸೋಲುವಳು. ಹಿಡಿಯಹೋದರೆ ಅವನು ಕೈಗೆ ಸಿಕ್ಕದೆ ಹೋಗುವನು. ಸಂಪ್ರದಾಯವು ಬಳ್ಳಿಗಾವೆಯವನೆಂದು ಹೇಳುವ ಆ ಪ್ರಭುವಿನ ಮುಂದೆ ಬಯಕೆಯು ಬರಿಗೈಯಾಗಿ ನಿಲ್ಲುವುದು. ಅದೇ ಊರಿನಲ್ಲಿ ಒಬ್ಬ ಕವಿಯು ಕನಸನ್ನು ನನಸಾಗಿಸಿದನು, ಮತ್ತೊಬ್ಬನು ನನಸನ್ನೇ ಕನಸೆಂದು ತೋರಿಸಿದನು. ಕಾವ್ಯಬಂಧದಲ್ಲಿ ಚಾಮರಸನ ಕೈಯೇ ಮೇಲು. ಅವನ ಭಾಮಿನಿ ಷಟ್ಪದಿಯಲ್ಲಿ ಕಥೆಯು ಎಲ್ಲಿಯೂ ನಿಲ್ಲದು. ಆದರೆ ಪ್ರೀತಿಸಿದವಳ ಪಕ್ಷವನ್ನು ವಹಿಸಿದ ಔದಾರ್ಯವು ನೇಮಿಚಂದ್ರನದು.

ಹಳಗನ್ನಡದ ಚಂಪುವು ಇಂದಿನ ಓದುಗರಿಗೆ ಸುಲಭವಾಗಿ ಒಗ್ಗುವುದಿಲ್ಲ. ವರ್ಣನೆಗಳನ್ನು ಮಿತಗೊಳಿಸಿ, ಕಥೆಗೆ ಭಂಗಬಾರದಂತೆ ತಿಳಿಯಾದ ಹೊಸಗನ್ನಡ ಗದ್ಯದಲ್ಲಿ ಇದನ್ನು ಹೇಳುವವರು ಈ ಸೀಮೆಯಿಂದಲೇ ಮುಂದೆ ಬಂದರೆ ಯುಕ್ತವಾಗುವುದು. ಅಲ್ಲಿಯವರೆಗೆ, ಹಿರಿಯರ ನೆರವಿನಿಂದ ಸ್ವಪ್ನದ ಭಾಗವನ್ನಾದರೂ ಮನೆಯಲ್ಲಿ ಕುಳಿತು ಓದಿಸಿ ಕೇಳುವುದು ಒಳ್ಳೆಯದು. ಹೊಸ ಕಾದಂಬರಿಗಳನ್ನು ಮೆಚ್ಚುವ ಕಿರಿಯರೂ ಅವನ್ನು ಜರೆಯುವ ಹಿರಿಯರೂ ಆಗ ಒಂದೇ ಗ್ರಂಥವನ್ನು ಮುಂದಿಟ್ಟುಕೊಂಡು ವಾದಿಸಬಹುದು.