ಪಟ್ಟೆಯ ಬೆಲೆ, ಪಟ್ಟೆಯ ಮರ್ಯಾದೆ: ಮಂಡ್ಯ, ಮದ್ದೂರು, ಮಳವಳ್ಳಿ ಪರಿಸರದ ಜನಪದ ಪಠ್ಯಗಳಲ್ಲಿ ರೇಷ್ಮೆ

ಹಳೆಯ ಮೈಸೂರು ಪ್ರಾಂತ್ಯದ ಮದುವೆ ಹಾಡುಗಳನ್ನು ಕುರಿತ ವ್ಯಾಖ್ಯಾನಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹಾಡುಗಳಲ್ಲಿ ಬರುವ ಪೀತಾಂಬರ, ಪಟ್ಟಾವಳಿ, ಜರತಾರಿ ಸೀರೆಗಳು ಗ್ರಾಮೀಣ ಬದುಕಿನ ಸಮೃದ್ಧಿಯನ್ನು ಸೂಚಿಸುತ್ತವೆ ಎಂಬುದೇ ಆ ವಾಕ್ಯ. ಇದನ್ನು ಯಾರು ಮೊದಲು ಬರೆದರೆಂಬುದು ಮುಖ್ಯವಲ್ಲ. ಅದು ಪರೀಕ್ಷೆಗೆ ಒಳಗಾಗದೆ ಒಂದು ಸಂಕಲನದ ಪ್ರಸ್ತಾವನೆಯಿಂದ ಮತ್ತೊಂದಕ್ಕೆ ದಾಟಿ ಬಂದಿದೆ ಎಂಬುದು ಮುಖ್ಯ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ರೇಷ್ಮೆಯನ್ನು ಹಾಡಿದ ಊರುಗಳು ಮಾತ್ರವಲ್ಲ, ರೇಷ್ಮೆಯ ಗೂಡನ್ನು ಬೆಳೆದ ಊರುಗಳೂ ಹೌದು. ಬೆಳೆದವರ ಮೈಮೇಲೆ ಆ ಬಟ್ಟೆ ಎಷ್ಟು ದಿನ ಇದ್ದಿತು ಎಂದು ಕೇಳಿದೊಡನೆ ಮೇಲಿನ ವಾಕ್ಯ ಅಲುಗಾಡತೊಡಗುತ್ತದೆ.

ಬೆಲೆಬಾಳುವ ಬಟ್ಟೆಗೆ ಎರಡು ಬಗೆಯ ಮೌಲ್ಯವಿರುತ್ತದೆ. ಒಂದು ಪೇಟೆಯಲ್ಲಿ ತೂಗುವ ಬೆಲೆ, ಇನ್ನೊಂದು ಸಭೆಯಲ್ಲಿ ಸಿಗುವ ಮರ್ಯಾದೆ. ಇವೆರಡನ್ನೂ ಪ್ರಭುತ್ವವೇ ಕೈಯಲ್ಲಿ ಹಿಡಿದುಕೊಂಡ ಅತ್ಯಂತ ಸ್ಪಷ್ಟ ನಿದರ್ಶನ ಪ್ರಾಚೀನ ಚೀನಾದ್ದು. ಅಲ್ಲಿ ಹಲವು ಬಣ್ಣದ ಎಳೆಗಳಿಂದ ಚಿತ್ತಾರ ನೇಯ್ದ ರೇಷ್ಮೆಗೆ ‘ಜಿನ್’ ಎಂದು ಹೆಸರು. ಅದನ್ನು ಬರೆಯುವ ಅಕ್ಷರದಲ್ಲಿ ಚಿನ್ನದ ಚಿಹ್ನೆ ಸೇರಿದೆ. ಅದರ ಬೆಲೆ ಚಿನ್ನಕ್ಕೆ ಸಮ ಎಂಬ ವಿವರಣೆಯನ್ನು ಹಾನ್ ಕಾಲದ ಕೊನೆಯ ಭಾಗದಲ್ಲಿ ಲಿಯು ಶಿ ತನ್ನ ನಿಘಂಟಿನಲ್ಲಿ ಕೊಟ್ಟಿದ್ದಾನೆ. ಹಾನ್ ವಂಶದ ಸ್ಥಾಪಕ ಗಾವೋಜು ಕ್ರಿ.ಪೂ. 199ರಲ್ಲಿ ವರ್ತಕರು ಜಿನ್ ಮೊದಲಾದ ಉತ್ತಮ ವಸ್ತ್ರಗಳನ್ನು ಧರಿಸಬಾರದೆಂದು ಆಜ್ಞೆ ಹೊರಡಿಸಿದ. ಕೊಳ್ಳುವ ಶಕ್ತಿ ಇದ್ದರೂ ಉಡುವ ಅಧಿಕಾರ ಇಲ್ಲ ಎಂಬುದು ಇದರ ತಾತ್ಪರ್ಯ. ಅದೇ ರೇಷ್ಮೆಯ ಸುರುಳಿಗಳು ಉತ್ತರದ ಶಿಯಾಂಗ್ನು ಅಲೆಮಾರಿಗಳಿಗೆ ವಾರ್ಷಿಕ ಕಾಣಿಕೆಯಾಗಿಯೂ ಗಡಿಯ ಸೈನಿಕರಿಗೆ ಸಂಬಳದ ರೂಪದಲ್ಲಿಯೂ ಹೋಗುತ್ತಿದ್ದವು. ದಕ್ಷಿಣದ ಚೆಂಗ್ಡು ನಗರಕ್ಕೆ ಈ ನೇಯ್ಗೆಯನ್ನು ನೋಡಿಕೊಳ್ಳುವ ಅಧಿಕಾರಿಯ ಹುದ್ದೆಯಿಂದಲೇ ಒಂದು ಹೆಸರು ಬಂದಿತು. ಶಿನ್‌ಜಿಯಾಂಗ್‌ನ ನಿಯಾದಲ್ಲಿ 1995ರಲ್ಲಿ ದೊರೆತ ತೋಳುಪಟ್ಟಿಯ ಮೇಲೆ ಐದು ಗ್ರಹಗಳು ಪೂರ್ವದಲ್ಲಿ ಕೂಡುವುದು ಚೀನಾಕ್ಕೆ ಶುಭವೆಂಬ ಬರೆಹವೇ ನೇಯ್ಗೆಯಲ್ಲಿ ಮೂಡಿದೆ.

ಇದಕ್ಕಿಂತ ಹೆಚ್ಚು ಮಾತನಾಡುವುದು ದುನ್‌ಹುವಾಂಗ್ ಬಳಿ ಸಿಕ್ಕಿದ ಒಂದು ಸಾದಾ ರೇಷ್ಮೆಯ ಚೂರು. ಅದರ ಮೇಲೆ ಬಟ್ಟೆ ಬಂದ ಸೀಮೆಯ ಹೆಸರಿದೆ. ಅಗಲ ಎರಡು ಚಿ ಎರಡು ಚುನ್, ಉದ್ದ 40 ಚಿ, ತೂಕ 25 ಲಿಯಾಂಗ್, ಬೆಲೆ 618 ನಾಣ್ಯ ಎಂದು ಬರೆದಿದೆ. ನೇಯ್ದವರ ಹೆಸರಿಲ್ಲ. ಸಾಂಗ್ ಕಾಲದ ಕವಿ ಜಾಂಗ್ ಯು ರೇಷ್ಮೆಹುಳು ಸಾಕುವ ಹೆಂಗಸನ್ನು ಕುರಿತು ಬರೆದ ನಾಲ್ಕು ಸಾಲಿನ ಪದ್ಯದ ವಸ್ತುವೂ ಸಾಕುವವರಿಗೂ ಉಡುವವರಿಗೂ ನಡುವಣ ಅಂತರವೇ. ಬೆಲೆಯನ್ನು ಲೆಕ್ಕದಲ್ಲಿ ಬರೆದಿಡುವವರು ದುಡಿಮೆಯನ್ನು ಬಿಟ್ಟುಬಿಡುತ್ತಾರೆ, ಬಿಟ್ಟುಹೋದುದನ್ನು ಕವಿಯೊಬ್ಬ ಎತ್ತಿಕೊಳ್ಳುತ್ತಾನೆ. ಮಂಡ್ಯದ ಸೀಮೆಯಲ್ಲಿ ಇದನ್ನು ಎತ್ತಿಕೊಂಡವರು ಯಾರು ಎಂಬುದು ಇಲ್ಲಿನ ಪ್ರಶ್ನೆ.

ಭಾರತದ ಶಿಷ್ಟ ಪರಂಪರೆಗೆ ಚೀನಾದ ರೇಷ್ಮೆ ಅಪರಿಚಿತವಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ‘ಚೀನಪಟ್ಟ’ವನ್ನು ಹೆಸರಿಸುತ್ತದೆ. ಕಾಳಿದಾಸನ ಶಾಕುಂತಲದಲ್ಲಿ ಗಾಳಿಗೆ ಎದುರಾಗಿ ಒಯ್ದ ಚೀನಾಂಶುಕದ ಬಾವುಟ ಹಿಂದಕ್ಕೆ ಎಳೆಯುವ ಮನಸ್ಸಿಗೆ ಉಪಮಾನವಾಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ವಸ್ತ್ರಗಳನ್ನು ಅವು ಬಂದ ದೇಶಗಳ ಹೆಸರಿನಿಂದಲೇ ಎಣಿಸುತ್ತದೆ. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವರ್ತಕ ನೂನಿಜ್, ಅರಸನು ತೊಡುವ ಜರಿಗೆಲಸದ ರೇಷ್ಮೆ ಉಡುಪು ಒಂದೊಂದು ಹತ್ತು ಪರ್ದಾವು ಬೆಲೆಯದೆಂದೂ ಒಮ್ಮೆ ತೊಟ್ಟುದನ್ನು ಅರಸನು ಮತ್ತೆ ತೊಡುವುದಿಲ್ಲವೆಂದೂ ಬರೆದಿದ್ದಾನೆ. ಮತ್ತೆ ತೊಡದಿರುವುದು ಅರಸನ ಮರ್ಯಾದೆ. ಮದುವೆಯಲ್ಲಿ ಉಟ್ಟ ಧಾರೆ ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು ಮಗಳ ಮದುವೆಯವರೆಗೂ ಕಾಯುವುದು ಮದ್ದೂರು ಸೀಮೆಯ ರೈತ ಹೆಂಗಸಿನ ಮರ್ಯಾದೆ. ಎರಡೂ ಪಟ್ಟೆಯ ಗೌರವವೇ ಆದರೂ ಒಂದು ತಕ್ಕಡಿಯಲ್ಲಿ ತೂಗುವಂಥವಲ್ಲ.

ಪದಗಳೂ ಸಾಕ್ಷಿ ಹೇಳುತ್ತವೆ. ಪಟ್ಟೆ, ಪೀತಾಂಬರಗಳು ಸಂಸ್ಕೃತ, ಪ್ರಾಕೃತಗಳ ಹಾದಿಯಲ್ಲಿ ಬಂದವು. ರೇಷ್ಮೆ, ಜರಿ, ಕೀನುಖಾಪುಗಳು ಪಾರಸಿಯಿಂದ ಬಂದವು. ಜರಿಯ ಮೂಲವಾದ ‘ಜರ್’ ಎಂದರೆ ಚಿನ್ನ. ಬಟ್ಟೆಯ ಹೆಸರೆಲ್ಲ ಹೊರಗಿನಿಂದ ಬಂದಿದ್ದರೆ, ಹುಳುವಿನ ಮನೆಯ ಮಾತೆಲ್ಲ ಊರಿನದೇ ಆಗಿದೆ.

ಈ ಸೀಮೆಗೆ ಹುಳು ಬಂದದ್ದು ಬಹಳ ಹಿಂದೇನಲ್ಲ. ಬಂಗಾಳದಿಂದ ರೇಷ್ಮೆಹುಳು ತರಲು ಕಳುಹಿಸಿದ್ದವರು ಹಿಂದಿರುಗುತ್ತಿರುವ ವಿಷಯವಾಗಿ ಟಿಪ್ಪು ಸುಲ್ತಾನ್ 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಪತ್ರ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಪತ್ರಸಂಗ್ರಹದಲ್ಲಿದೆ. ರಾಜ್ಯದ 21 ಕಡೆಗಳಲ್ಲಿ ಹುಳು ಸಾಕಣೆ ಆರಂಭಿಸುವ ಆಲೋಚನೆಯೂ ಅಲ್ಲಿ ಬರುತ್ತದೆ. 1800ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಲ್ಲಿ ಪಟ್ಟೇಗಾರರು, ಖತ್ರಿಗಳು ಎಂಬ ರೇಷ್ಮೆ ನೇಕಾರರನ್ನು ಕಂಡು ಬರೆದಿದ್ದಾನೆ. ನೇಯುವವರು ಪೇಟೆಯಲ್ಲಿ, ಹುಳು ಸಾಕುವವರು ಹಳ್ಳಿಯಲ್ಲಿ ಎಂಬ ವಿಭಜನೆ ಆಗಿನಿಂದ ಗಟ್ಟಿಯಾಗುತ್ತ ಹೋಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ನೇಯ್ಗೆ ಕಾರ್ಖಾನೆ ಆರಂಭವಾಯಿತು. ಕಾವೇರಿಯ ಆಚೆ ದಡದ ಕೊಳ್ಳೇಗಾಲ ಜರಿ ನೇಯ್ಗೆಗೆ ಹೆಸರಾಯಿತು. 1932ರಲ್ಲಿ ಕನ್ನಂಬಾಡಿ ಕಟ್ಟೆ ಮುಗಿದು ನಾಲೆ ನೀರು ಹರಿದ ಮೇಲೆ ಮಂಡ್ಯ, ಮದ್ದೂರುಗಳ ಬಯಲು ಕಬ್ಬು ಭತ್ತದ ಕಡೆಗೆ ತಿರುಗಿತು. ನಾಲೆ ತಲುಪದ ಮೇಡಿನ ಊರುಗಳಿಗೆ ಹಿಪ್ಪುನೇರಳೆಯೇ ಕೈಗೆ ಕಾಸು ತರುವ ಬೆಳೆ.

ಈಗ ಕಾವ್ಯಗಳ ಕಡೆಗೆ ನೋಡಬಹುದು. ಮಂಟೇಸ್ವಾಮಿ ಪರಂಪರೆಯ ಮುಖ್ಯ ಮಠವಾದ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನಲ್ಲಿದೆ. ನೀಲಗಾರರು ಹಾಡುವ ಈ ಕಾವ್ಯದ ಮೊದಲ ದೊಡ್ಡ ಘಟನೆಯೇ ವೇಷಕ್ಕೆ ಸಂಬಂಧಿಸಿದ್ದು. ಮಂಟೇಸ್ವಾಮಿ ರೋಗ ತುಂಬಿದ ಮೈಯಲ್ಲಿ, ಹೇಸಿಕೆ ಹುಟ್ಟಿಸುವ ರೂಪದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಬಾಗಿಲು ಕಾಯುವವರು ತಡೆಯುತ್ತಾರೆ. ಒಳಗಿರುವವರ ಶುಭ್ರ ಉಡುಪು ಅವರ ಶರಣತನಕ್ಕೆ ಪ್ರಮಾಣವಲ್ಲ ಎಂಬುದನ್ನು ಕಾವ್ಯ ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆ. ಬಟ್ಟೆಯಿಂದ ಮನುಷ್ಯನನ್ನು ಅಳೆಯುವ ಕ್ರಮಕ್ಕೇ ಇಲ್ಲಿ ಪರೀಕ್ಷೆ. ಗಾವೋಜುವಿನ ಆಜ್ಞೆ ಉಡುಪಿನಿಂದ ದರ್ಜೆಯನ್ನು ಕಾಪಾಡಲು ಹೊರಟಿದ್ದರೆ ನೀಲಗಾರರ ಹಾಡು ಅದೇ ಬೆಸುಗೆಯನ್ನು ಬಿಚ್ಚಲು ಹೊರಟಿದೆ.

ಇನ್ನೊಂದು ಸಂಗತಿಗೆ ವಿಮರ್ಶೆಯಲ್ಲಿ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಸಿದ್ಧಪ್ಪಾಜಿ ಇದೇ ತಾಲ್ಲೂಕಿನ ಹಲಗೂರಿಗೆ ಹೋಗಿ ಪಾಂಚಾಳರನ್ನು ಕೇಳುವುದು ಕಬ್ಬಿಣದ ಭಿಕ್ಷೆಯನ್ನು. ಚಿನ್ನವನ್ನಲ್ಲ, ಪಟ್ಟೆಯನ್ನೂ ಅಲ್ಲ. ಅದಕ್ಕಾಗಿ ಅವನು ಪವಾಡಗಳ ಕಷ್ಟಕ್ಕೆ ಒಡ್ಡಿಕೊಳ್ಳುತ್ತಾನೆ. ಕುಲುಮೆಯ ದುಡಿಮೆಗೂ ಅದರ ಒಡೆತನಕ್ಕೂ ಕಾವ್ಯದಲ್ಲಿ ಹೀಗೆ ನೇರವಾದ ಮುಖಾಮುಖಿ ಒದಗಿದೆ. ಹುಳು ಮನೆಯ ದುಡಿಮೆಗೆ ಅಂಥ ಒಂದು ಸಾಲೂ ಒದಗಿಲ್ಲ. ರೇಷ್ಮೆ ತಡವಾಗಿ ಬಂದದ್ದರಿಂದ ಹೀಗಾಯಿತು ಎಂಬ ಸಮಾಧಾನ ಸಾಲದು. ಮೌಖಿಕ ಕಾವ್ಯ ತಡವಾಗಿ ಬಂದ ಎಷ್ಟೋ ವಸ್ತುಗಳನ್ನು ನುಂಗಿಕೊಂಡಿದೆ. ಕುಲುಮೆ ಗಂಡಸರದು, ಹುಳುವಿನ ತಟ್ಟೆ ಹೆಚ್ಚಾಗಿ ಹೆಂಗಸರದು, ಹಾಡುವ ಗುಡ್ಡರೂ ನೀಲಗಾರರೂ ಗಂಡಸರು ಎಂಬ ಕಾರಣವನ್ನು ಕಡೆಗಣಿಸುವಂತಿಲ್ಲ.

ಕಂಬಳಿಯ ಮಾತನ್ನೂ ಇಲ್ಲಿಯೇ ಸೇರಿಸಬೇಕು. ದೇವರನ್ನು ಕೂರಿಸುವಾಗ, ನ್ಯಾಯ ಹೇಳುವಾಗ ಹಾಸುವುದು ಕರಿಯ ಕಂಬಳಿಯ ಗದ್ದುಗೆಯನ್ನು. ಪಟ್ಟೆ ದೇವರ ಮೈಮೇಲೆ ಇರಬಹುದು, ಆಣೆ ಮಾಡುವುದು ಕಂಬಳಿಯ ಮುಂದೆ. ಪೇಟೆಯ ಬೆಲೆಯಲ್ಲಿ ಮೇಲಿರುವುದು ನಂಬಿಕೆಯ ಬೆಲೆಯಲ್ಲಿಯೂ ಮೇಲಿರಬೇಕೆಂಬ ನಿಯಮ ಈ ಸೀಮೆಯಲ್ಲಿ ನಡೆಯುವುದಿಲ್ಲ.

ಹಾಗಾದರೆ ಮದುವೆ ಹಾಡಿನ ಪೀತಾಂಬರ ಏನನ್ನು ಹೇಳುತ್ತದೆ? ಹಾಡುವವಳ ಮನೆಯಲ್ಲಿ ಅದು ಇದೆ ಎಂಬುದನ್ನಂತೂ ಅಲ್ಲ. ಸೋಬಾನೆಯಲ್ಲಿ ಮದುಮಗಳು ಗೌರಿ, ಮದುಮಗ ಶಿವ. ಹಂದರವೇ ಕೈಲಾಸ. ಆ ಒಂದು ದಿನದ ಮಟ್ಟಿಗೆ ಎಲ್ಲ ಜಾತಿಯ, ಎಲ್ಲ ವರ್ಗದ ಮದುಮಗಳಿಗೂ ಪೀತಾಂಬರ ಸಲ್ಲುತ್ತದೆ. ಇದನ್ನು ಸಮೃದ್ಧಿಯ ವರದಿ ಎಂದು ಓದುವುದಕ್ಕಿಂತ ಹಕ್ಕಿನ ಮಂಡನೆ ಎಂದು ಓದುವುದು ಸರಿ. ಚಿನ್ನದ ಬಿಂದಿಗೆಯಲ್ಲಿ ನೀರು ತಂದಳೆಂದು ಹಾಡಿದವಳ ಮನೆಯ ಬಿಂದಿಗೆ ಮಣ್ಣಿನದೆಂದು ಎಲ್ಲರಿಗೂ ಗೊತ್ತಿತ್ತು. ವ್ಯಾಖ್ಯಾನಕಾರರಿಗೆ ಮಾತ್ರ ಅದು ಮರೆತಂತಿದೆ.

ಹುಳು ಮನೆಯ ಭಾಷೆ ಇದಕ್ಕಿಂತ ಸಂಪನ್ನವಾದುದು. ಹುಳು ನಾಲ್ಕು ಬಾರಿ ಪೊರೆ ಕಳಚುತ್ತದೆ. ಆ ಹೊತ್ತಿನಲ್ಲಿ ತಿನ್ನುವುದನ್ನು ಬಿಟ್ಟು ತಲೆ ಎತ್ತಿ ಅಲುಗಾಡದೆ ಇರುತ್ತದೆ. ಇದಕ್ಕೆ ರೈತರ ಮಾತಿನಲ್ಲಿ ‘ಜ್ವರ’ ಎಂದು ಹೆಸರು. ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಕೆ. ಹುಳು ‘ಜ್ವರಕ್ಕೆ ಕೂರುತ್ತದೆ’, ಆಮೇಲೆ ‘ಜ್ವರದಿಂದ ಏಳುತ್ತದೆ’. ನಾಲ್ಕನೇ ಜ್ವರ ಎದ್ದ ಹುಳುವಿಗೆ ಹಗಲು ರಾತ್ರಿ ಸೊಪ್ಪು ಸಾಲದು. ಆ ದಿನಗಳಲ್ಲಿ ಮನೆಯವರ ನಿದ್ದೆ ಊಟಗಳು ಹುಳುವಿನ ಹೊಟ್ಟೆಯ ಗಡಿಯಾರಕ್ಕೆ ಹೊಂದಿಕೊಳ್ಳುತ್ತವೆ. ಮೇಯುವುದನ್ನು ನಿಲ್ಲಿಸಿ ಮೈ ತಿಳಿಯಾದ ಹುಳು ‘ಹಣ್ಣಾಗುತ್ತದೆ’. ಹಣ್ಣಾದುದನ್ನು ಆರಿಸಿ ಬಿದಿರಿನ ದುಂಡು ‘ಚಂದ್ರಿಕೆ’ಗೆ ಬಿಡುತ್ತಾರೆ. ಮೈ ಬೆಳ್ಳಗೆ ಬಿರುಸಾಗಿ ಸತ್ತರೆ ಸುಣ್ಣಕಟ್ಟು, ಕೀವಿನಂಥ ರಸ ಒಡೆದರೆ ಹಾಲುತೊಂಡೆ. ಮೈಲಿಗೆಯ ಭಯ, ಹೊರಗಿನವರನ್ನು ಒಳಗೆ ಬಿಡದ ಕಟ್ಟುನಿಟ್ಟು, ಮುಟ್ಟಾದವರು ಒಳಗೆ ಬರಬಾರದೆಂಬ ನಿಷೇಧ ಇವೆಲ್ಲ ಬಾಣಂತಿಯ ಕೋಣೆಯ ನಿಯಮಗಳನ್ನು ನೆನಪಿಸುತ್ತವೆ. ಹೊರಗಿನವರನ್ನು ತಡೆಯುವುದು ರೋಗ ಹರಡದಂತೆ ನೋಡಿಕೊಳ್ಳುವ ವಿವೇಕವೂ ಹೌದು. ಮುಟ್ಟಿನ ನಿಷೇಧಕ್ಕೆ ಮಾತ್ರ ಅಂಥ ಸಮರ್ಥನೆಯಿಲ್ಲ. ಹುಳುವನ್ನು ಬದುಕಿಸಿದ ಕೈಯನ್ನೇ ಅದು ಹೊರಗಿಡುತ್ತದೆ.

ಮಗುವಿನಂತೆ ಜ್ವರ ನೋಡಿ, ಸೊಪ್ಪು ಹೆಚ್ಚಿ ಹಾಕಿ ಬೆಳೆಸಿದ ಹುಳುವಿನ ಗೂಡು ಕೊನೆಗೆ ಕುದಿಯುವ ನೀರಿಗೆ ಬೀಳುತ್ತದೆ. ನೂಲು ಕಡಿಯದೆ ಬರಬೇಕಾದರೆ ಒಳಗಿನ ಜೀವ ಚಿಟ್ಟೆಯಾಗಿ ಹೊರಬರಬಾರದು. ಹೀಗೆ ಬಂದ ನೂಲೇ ಮಡಿಬಟ್ಟೆ. ಹತ್ತಿಗೆ ಮೈಲಿಗೆ ತಗಲುತ್ತದೆ, ಪಟ್ಟೆಗೆ ತಗಲುವುದಿಲ್ಲ ಎಂಬ ಆಚಾರದ ತರ್ಕ ಈ ಸಾವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಮಡಿಯುಟ್ಟವರಿಗೆ ಗೂಡು ಬೇಯಿಸುವ ವಾಸನೆ ತಿಳಿದಿಲ್ಲದಿರಬಹುದು, ನೂಲು ಬಿಚ್ಚುವವರಿಗೆ ಅದು ಕೈಬೆರಳಿಗೆ ಅಂಟಿದ್ದು. ಬಿಸಿನೀರಿನಲ್ಲಿ ದಿನವಿಡೀ ಅದ್ದಿ ಬಿಳಿಚಿದ ಬೆರಳುಗಳೇ ಈ ವಸ್ತ್ರದ ಮೊದಲ ಚಿತ್ತಾರ.

ಊರಹಬ್ಬದಲ್ಲಿ ಗ್ರಾಮದೇವತೆಗೆ ಉಡಿಸುವ ರೇಷ್ಮೆ ಸೀರೆಯ ಕಥೆ ಬೇರೆ. ಹರಕೆಗೆ ಬಂದ ಸೀರೆಗಳು ಹಬ್ಬ ಮುಗಿದ ಮೇಲೆ ಹರಾಜಾಗುವುದುಂಟು. ಹರಾಜಿನಲ್ಲಿ ಕೊಂಡ ಸೀರೆಗೆ ಜವಳಿ ಅಂಗಡಿಯ ಬೆಲೆ ಅನ್ವಯಿಸುವುದಿಲ್ಲ. ಅಮ್ಮ ಉಟ್ಟದ್ದು ಎಂಬುದೇ ಅದರ ಜರಿ. ಸರಕು ದೈವದ ಮೈ ಮುಟ್ಟಿ ಪ್ರಸಾದವಾಗಿ, ಪ್ರಸಾದ ಮತ್ತೆ ಹರಾಜಿನ ಕೂಗಿಗೆ ಬರುವ ಈ ಸುತ್ತು ಮಾನವಶಾಸ್ತ್ರದ ಸಿದ್ಧಾಂತಗಳು ಹೇಳುವ ಸರಕು, ಕಾಣಿಕೆಗಳ ವಿಭಜನೆಗೆ ಸುಲಭವಾಗಿ ಒಗ್ಗುವುದಿಲ್ಲ.

ಗೂಡಿನ ಹರಾಜು ಇನ್ನೊಂದು ಬಗೆಯದು. ಮದ್ದೂರಿನ ಗಾಡಿ ಚನ್ನಪಟ್ಟಣ ದಾಟಿ ರಾಮನಗರದ ಮಾರುಕಟ್ಟೆ ಸೇರಿದ ಮೇಲೆ ಇಡೀ ಬೆಳೆಯ ದುಡಿಮೆ ಕಿಲೋಗ್ರಾಂ ಒಂದರ ದರವಾಗಿ ಕುಗ್ಗುತ್ತದೆ. ಆ ದರವನ್ನು ಮಂಡ್ಯದ ಮಳೆಬಿಸಿಲು ಮಾತ್ರ ನಿರ್ಧರಿಸುವುದಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಚೀನಾ, ಜಪಾನುಗಳ ಅಗ್ಗದ ರೇಷ್ಮೆ ಬಂದು ಬಿದ್ದಾಗ ಮೈಸೂರಿನ ಗೂಡಿನ ಬೆಲೆ ಇಳಿಯಿತು. 1934ರಲ್ಲಿ ರಕ್ಷಣಾ ಸುಂಕ ವಿಧಿಸಬೇಕಾಯಿತು. 2003ರಲ್ಲಿ ಚೀನಾದ ಕಚ್ಚಾ ರೇಷ್ಮೆಯ ಮೇಲೆ ಸುರಿವು ತಡೆ ಸುಂಕ ಬಂದಿತು. 2011ರ ಕೇಂದ್ರ ಮುಂಗಡಪತ್ರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. ಕಾಳಿದಾಸನಿಗೆ ಬಾವುಟವಾಗಿ ಕಂಡ ಚೀನಾಂಶುಕ ಮಳವಳ್ಳಿಯ ರೈತನಿಗೆ ದರಪಟ್ಟಿಯಾಗಿ ಕಂಡಿತು. ಇತ್ತ ಸೀರೆಯ ಅಂಚಿನ ಜರಿಯೂ ಊರಿನದಲ್ಲ, ಬಹುಪಾಲು ಸೂರತ್‌ನಿಂದ ಬರುವಂಥದು. ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಎಂದು ಮೈಸೂರು ರೇಷ್ಮೆಯ ಜರಿಯ ಲೆಕ್ಕವನ್ನು ಕೊಳ್ಳುವವರಿಗೆ ಕರಾರುವಾಕ್ಕಾಗಿ ಹೇಳಲಾಗುತ್ತದೆ. ದುನ್‌ಹುವಾಂಗ್‌ನ ಚೂರಿನ ಬರೆಹಕ್ಕೂ ಇದಕ್ಕೂ ಎರಡು ಸಾವಿರ ವರ್ಷದ ಅಂತರವಿದ್ದರೂ ಲೆಕ್ಕದ ಕ್ರಮ ಬದಲಾಗಿಲ್ಲ.

ಈ ಸೀಮೆಯ ಜಾನಪದ ಸಂಗ್ರಹಕಾರ್ಯದ ಸಾಧನೆ ಸಣ್ಣದಲ್ಲ. ನಾಗಮಂಗಲ ತಾಲ್ಲೂಕಿನಿಂದ ಬಂದ ಜೀ.ಶಂ. ಪರಮಶಿವಯ್ಯನವರು ವೃತ್ತಿಗಾಯಕರ ಪರಂಪರೆಗಳನ್ನು ದಾಖಲಿಸಿದ ರೀತಿಯೂ ಪಿ.ಕೆ. ರಾಜಶೇಖರ ಅವರ ಮಲೆಯ ಮಾದೇಶ್ವರ ಸಂಪಾದನೆಯೂ ಇಲ್ಲದಿದ್ದರೆ ಮೇಲಿನ ಯಾವ ಹೋಲಿಕೆಯೂ ಸಾಧ್ಯವಾಗುತ್ತಿರಲಿಲ್ಲ. ಆದರೆ ಸಂಗ್ರಹದ ಕಣ್ಣು ಹಾಡಿನ ಮೇಲೆ, ಅದರಲ್ಲಿಯೂ ದೀರ್ಘ ಹಾಡಿನ ಮೇಲೆ ನೆಟ್ಟಿತು. ಕೆಲಸದ ನಡುವೆ ಆಡುವ ಬಿಡಿಮಾತು, ರೋಗದ ಹೆಸರು, ಹುಳುವಿನ ಬಣ್ಣದಿಂದ ಹವೆಯನ್ನು ಊಹಿಸುವ ಜ್ಞಾನ ಇವು ಪಠ್ಯವೆಂದು ಪರಿಗಣಿತವಾಗಲಿಲ್ಲ. ಬಿದಿರಿನ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ ನೇತ್ರಿಕೆಗಳು ಬಂದಿವೆ. ಚಾಕಿ ಹುಳುವನ್ನು ಸಾಕಣೆ ಕೇಂದ್ರದಿಂದಲೇ ಕೊಂಡು ತರುವ ಪದ್ಧತಿ ಹಬ್ಬಿದ ಮೇಲೆ ಮೊದಲ ಎರಡು ಜ್ವರಗಳ ಮಾತು ಮನೆಗಳಿಂದ ಹೊರಟುಹೋಗುತ್ತಿದೆ. ಆ ಮಾತನ್ನು ಆಡುವ ಹೆಂಗಸರಲ್ಲಿ ಅನೇಕರು ಈಗ ಎಪ್ಪತ್ತು ದಾಟಿದವರು. ಮಂಟೇಸ್ವಾಮಿಯ ಸಾಲುಗಳಿಗೆ ಧ್ವನಿಮುದ್ರಣ ಯಂತ್ರ ಹಿಡಿದು ಹೋದವರು ಅದೇ ಮನೆಯ ಹಿಂದಿನ ಕೋಣೆಯ ಬಾಗಿಲನ್ನು ತಟ್ಟಲಿಲ್ಲ. ಹೊರಗಿನವರಿಗೆ ಅಲ್ಲಿ ಪ್ರವೇಶವಿರಲಿಲ್ಲ ಎಂಬುದು ಅರ್ಧ ನಿಜ. ಒಳಗಿನವಳನ್ನು ಜಗುಲಿಗೆ ಕರೆದು ಕೇಳಬಹುದಿತ್ತು.