ಬಿಸಿಲೂರಿನ ಬಟ್ಟೆ ವ್ಯಾಪಾರ

ದೇವದುರ್ಗದ ಬಟ್ಟೆ ಅಂಗಡಿಗಳಲ್ಲಿ ಬೇಸಿಗೆಯ ವ್ಯಾಪಾರ ಕಳೆಗಟ್ಟುವುದು ಹೊತ್ತು ಇಳಿದ ಮೇಲೆಯೇ. ಏಪ್ರಿಲ್‌, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿಯವರಿಗೆ ಸುದ್ದಿಯೇ ಅಲ್ಲ. ಮಧ್ಯಾಹ್ನ ಹೊರಗೆ ಕಾಲಿಡುವವರಾದರೂ ಯಾರು? ಸಂಜೆ ಬಿಳಿ ಗಾದಿಯ ಮೇಲೆ ಕುರ್ತಿಗಳ ರಾಶಿ ಬೀಳುತ್ತದೆ. “ಕಾಟನ್ ಐತೇನ್ರೀ?” ಎಂದರೆ “ಪ್ಯೂರ್ ಕಾಟನ್ ರೀ ಅಕ್ಕಾರ, ಮುಟ್ಟಿ ನೋಡ್ರಿ” ಎಂಬ ಉತ್ತರ. ಒತ್ತಿ ಕೇಳಿದರೆ “ಕಾಟನ್ ಮಿಕ್ಸ್ ರೀ”. ಮೂರನೇ ಸಲಕ್ಕೆ ಅದು “ಕಾಟನ್ ಟೈಪ್” ಆಗಿರುತ್ತದೆ.

ಇದೇ ತಾಲ್ಲೂಕಿನ ಎರೆ ಹೊಲಗಳಲ್ಲಿ ಹತ್ತಿ ಬಿಡಿಸಿ, ಟ್ರ್ಯಾಕ್ಟರಿಗೆ ಹೇರಿ, ರಾಯಚೂರಿನ ಎಪಿಎಂಸಿ ಅಂಗಳಕ್ಕೆ ಸಾಗಿಸುತ್ತಾರೆ. ಹಾಗೆ ಊರು ಬಿಟ್ಟ ಹತ್ತಿಯ ಜಾಗಕ್ಕೆ ಸೂರತ್ತಿನ ಪಾಲಿಯೆಸ್ಟರ್ ಬಂದು ಕೂರುತ್ತದೆ. ಬೆವರು ಹೀರದ ಬಟ್ಟೆಯನ್ನು ಬೆವರೂರಿನಲ್ಲಿ ಮಾರುವ ಜಾಣ್ಮೆಗೆ ತಲೆದೂಗಲೇಬೇಕು.

ಅನುಮಾನವಿದ್ದರೆ ಮನೆಗೆ ತಂದ ಮೇಲೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದರಾಯಿತು. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಈ ಪರೀಕ್ಷೆಯಲ್ಲಿ ಮೋಸ ಮಾಡುವುದು ರೇಯಾನ್. ಮರದ ತಿರುಳಿನಿಂದ ಮಾಡಿದ ನೂಲಾದ್ದರಿಂದ ಅದೂ ಹತ್ತಿಯಂತೆಯೇ ಉರಿಯುತ್ತದೆ. ಅಂಥ ತಿರುಳು ಹರಿಹರದ ಪಕ್ಕದ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯಲ್ಲಿ, 1970ರ ದಶಕದಿಂದ ತಯಾರಾಗುತ್ತಿದೆ. ಅದೇ ಹೊಳೆ ಮುಂದೆ ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಗೆ ಇಳಿಯುತ್ತದೆ. ರೇಯಾನ್ ಕುರ್ತಿ ಕೆಟ್ಟದ್ದೇನಲ್ಲ. ಗಾಳಿ ಆಡುತ್ತದೆ, ಮೈಮೇಲೆ ಚೆಂದವಾಗಿ ಇಳಿಬೀಳುತ್ತದೆ. ಆದರೆ ಒದ್ದೆಯಾದಾಗ ಅದರ ಬಲ ಕುಗ್ಗುತ್ತದೆ. ಕಲ್ಲಿನ ಮೇಲೆ ಕುಕ್ಕಿ ಒಗೆಯುವ ಮನೆಯಲ್ಲಿ ಎರಡನೇ ಬೇಸಿಗೆ ಕಾಣುವುದು ಕಷ್ಟ.

ಹತ್ತಿ ಎಂದು ಖಾತ್ರಿಯಾದ ಮೇಲೆ ಕೇಳಬೇಕಾದ್ದು ನೂಲಿನ ನಂಬರು. ಒಂದು ಪೌಂಡ್ ತೂಕದ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಸಿಗುತ್ತವೋ ಅದೇ ಅದರ ನಂಬರು. 60ಕ್ಕಿಂತ 80, 80ಕ್ಕಿಂತ 100 ನಯ. ಅಂಗಡಿಯವರು ಮಿನುಗು, ಬಾರ್ಡರು, ಸೀರಿಯಲ್ಲಿನ ನಾಯಕಿ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ನಂಬರು ಕೇಳಿದಾಗ ಮಾತ್ರ ಒಳಗಿದ್ದ ಹಿರಿಯರನ್ನು ಕೂಗುತ್ತಾರೆ. ಹಿರಿಯರು ಬಂದರೆ ಒಳ್ಳೆಯ ಮಾಲು ಹೊರಬೀಳುವ ಸಂಭವ ಹೆಚ್ಚು.

ಇಳಕಲ್ಲ ಸೀರೆ ಬಿಚ್ಚಿಸಿದಾಗ ರಸಿಕರ ಕಣ್ಣು ಮೊದಲು ಹೋಗುವುದು ಮೈ ಮತ್ತು ಸೆರಗು ಕೂಡುವ ಜಾಗಕ್ಕೆ. ಮೈಯ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಹತ್ತಿಯ ಎಳೆಗಳನ್ನೂ ರೇಷ್ಮೆಯ ಎಳೆಗಳನ್ನೂ ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿ ಬೆಸೆಯುತ್ತಾರೆ. ಅದಕ್ಕೇ ಕೊಂಡಿ ಎನ್ನುವುದು. ಸೀರೆಯನ್ನು ಮಗುಚಿ, ಆ ಗೆರೆಯ ಮೇಲೆ ಬೆರಳಾಡಿಸಿದರೆ ಸಣ್ಣ ದಡಿಯೊಂದು ತಾಗುತ್ತದೆ. ಪ್ರತಿ ಸೀರೆಗೂ ಬೇರೆ ಹಾಸು ಹೂಡಬೇಕಾಗಿ ಬರುವುದು ಈ ಕೊಂಡಿಯಿಂದಲೇ. ಬೆಲೆ ಏರುವುದಕ್ಕೆ ಅರ್ಧ ಕಾರಣವೂ ಇದೇ. ಸೆರಗಿನ ಕೆಂಪಿನಲ್ಲಿ ಬಿಳಿಯಾಗಿ ಮೂಡುವ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆಗಳನ್ನು ಈ ಸೀಮೆಯ ಹೆಂಗಸರಿಗೆ ಯಾರೂ ವಿವರಿಸಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ: ಈಗ ಸೆರಗಿಗೆ ರೇಷ್ಮೆಯ ಬದಲು ಚಮಕಾ ಎಂಬ ಕೃತಕ ರೇಷ್ಮೆ ಹಾಕುವುದು ಮಾಮೂಲಾಗಿದೆ. ಬೇಸಿಗೆಯ ದಿನಬಳಕೆಗೆ ಅದು ನಡೆಯುತ್ತದೆ. ರೇಷ್ಮೆಯ ಬೆಲೆ ಕೊಟ್ಟು ತರಬಾರದು, ಅಷ್ಟೆ.

ಪೂರ್ವ ದಿಕ್ಕಿನ ಗಡಿ ದಾಟಿದರೆ ಇನ್ನೆರಡು ಊರು. ಗದ್ವಾಲ ಈಗ ತೆಲಂಗಾಣದ್ದು, ಆದರೆ 1956ರವರೆಗೆ ಅದು ರಾಯಚೂರು ಜಿಲ್ಲೆಯದೇ ತಾಲ್ಲೂಕು. ಅಲ್ಲಿನ ಸೀರೆಯ ಮೈ ಹತ್ತಿ, ಅಂಚು–ಸೆರಗು ರೇಷ್ಮೆ. ಜರಿ ಅಗಲವಾದಷ್ಟೂ ಸೀರೆ ಭಾರ. ಮೇ ತಿಂಗಳ ಮದುವೆಗೆ ಉಡುವವರು ಸಣ್ಣ ಅಂಚಿನದ್ದನ್ನೇ ಆರಿಸುವುದು ಲೇಸು. ನಾರಾಯಣಪೇಟೆಯ ಮಗ್ಗದ ಲೆಕ್ಕವೇ ಬೇರೆ. ಅಲ್ಲಿ ಒಂದೇ ಹಾಸಿನಲ್ಲಿ ಸಾಲಾಗಿ ಎಂಟು ಸೀರೆ ನೇಯುವ ವಾಡಿಕೆ. ಇಳಕಲ್ಲಿನ ಕೊಂಡಿಯ ತಾಪತ್ರಯವಿಲ್ಲ, ಹಾಗಾಗಿ ಬೆಲೆ ಕೈಗೆಟುಕುತ್ತದೆ. ಚೌಕುಳಿಯ ಮೈ, ಎದ್ದು ಕಾಣುವ ಅಂಚು. ಶಾಲೆಗೋ ಆಫೀಸಿಗೋ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಇದಕ್ಕಿಂತ ಒಪ್ಪುವ ಬೇಸಿಗೆ ಸೀರೆ ಈ ಸುತ್ತಿನಲ್ಲಿ ಇನ್ನೊಂದಿಲ್ಲ.

ಇನ್ನು ಕಾಲಿಗೆ. ಡಾಂಬರು ಕಾದಾಗ ರೆಕ್ಸಿನ್ ಪಟ್ಟಿಯ ಚಪ್ಪಲಿ ಬೆವರು ಹೀರದೆ ಕಾಲನ್ನು ಬೇಯಿಸುತ್ತದೆ. ಕೊಲ್ಹಾಪುರಿ ಚಪ್ಪಲಿ ಹಾಗಲ್ಲ. ಅದರ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡುತ್ತಾರೆ. ಹೊಲಿಗೆಯೂ ಚರ್ಮದ ದಾರದ್ದೇ, ಮೊಳೆಯ ಮಾತಿಲ್ಲ. ಹೆಸರು ಮಹಾರಾಷ್ಟ್ರದ ಊರಿನದಾದರೂ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಗುರುತಿನಲ್ಲಿ ಆ ರಾಜ್ಯದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಪಾಲುದಾರರು. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳ ಕೈಕೆಲಸಕ್ಕೆ ಕೊಲ್ಹಾಪುರದ ಹೆಸರು ಅಂಟಿದ್ದು ಹಳೆಯ ತಂಟೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ನಮೂನೆಯನ್ನು ಬರೀ ‘ಚರ್ಮದ ಸ್ಯಾಂಡಲ್’ ಎಂದು ತೋರಿಸಿ ಬೈಸಿಕೊಂಡಿತು. ಮೂಲ ಭಾರತದ್ದೆಂದು ಆಮೇಲೆ ಒಪ್ಪಿಕೊಂಡು, ಡಿಸೆಂಬರಿನಲ್ಲಿ ಚರ್ಮೋದ್ಯಮ ನಿಗಮಗಳಾದ ಕರ್ನಾಟಕದ ಲಿಡ್‌ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಜೊತೆ ಕೈಜೋಡಿಸಿತು.

ಕೊಳ್ಳುವವರು ನೆನಪಿಡಬೇಕಾದ್ದು ಮೂರು ಸಂಗತಿ. ಕಾಲು ಊದಿಕೊಂಡಿರುವ ಸಂಜೆ ಹೊತ್ತಿನಲ್ಲೇ ಅಳತೆ ನೋಡಬೇಕು. ಮೊದಲ ವಾರ ಚಪ್ಪಲಿ ಕಚ್ಚಿಯೇ ಕಚ್ಚುತ್ತದೆ. ಉಂಗುಟಕ್ಕೂ ಪಟ್ಟಿಗೂ ರಾತ್ರಿ ಔಡಲೆಣ್ಣೆ ಸವರಿಟ್ಟರೆ ಮೆದುವಾಗುತ್ತದೆ. ಮಳೆ ಬಿದ್ದ ದಿನವೇ ಅದನ್ನು ಅಟ್ಟಕ್ಕೇರಿಸಬೇಕು, ನೀರಿಗೂ ಅದಕ್ಕೂ ಆಗಿಬರುವುದಿಲ್ಲ.

ಒಡವೆಯ ಮಾತು ಸಣ್ಣದು: ಬಿಸಿಲಿಗೆ ಕಾಯುವ ಲೋಹದ ಜುಮುಕಿಗಿಂತ ಕೈತುಂಬ ಗಾಜಿನ ಬಳೆ ಹಿತ. ಕನ್ನಡಿ, ಕವಡೆ ಪೋಣಿಸಿದ ಲಂಬಾಣಿ ಕಸೂತಿಯ ಚೀಲ ಬೇಕೆನಿಸಿದರೆ ಜಿಐ ಗುರುತಿರುವ ಸಂಡೂರಿನ ಕೆಲಸವನ್ನು ಕೇಳಬಹುದು. ಸ್ಕೂಟಿ ಮೇಲೆ ಮುಖಕ್ಕೆ ಸುತ್ತುವ ಓಡ್ನಿಯಾದರೂ ಅಪ್ಪಟ ಹತ್ತಿಯದಿರಲಿ. ತಂಪು ಕನ್ನಡಕದಲ್ಲಿ ನೋಡಬೇಕಾದ್ದು ಯುವಿ 400 ಎಂಬ ಗುರುತು. ಆ ತಡೆಯಿಲ್ಲದ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲವಾಗಿ, ಕೆಡುಕಿನ ಕಿರಣ ಇನ್ನಷ್ಟು ಒಳಗೆ ಹೋಗುತ್ತದೆ.

ಬಿಲ್ಲಿನ ಬಗ್ಗೆಯೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಕುರ್ತಿಯಂಥ ಹೊಲಿದ ಉಡುಪಿಗೂ, ಒಂದು ಜೊತೆ ಚಪ್ಪಲಿಗೂ ಜಿಎಸ್‌ಟಿ ಶೇ 5. ಅದನ್ನು ದಾಟಿದರೆ ಶೇ 18. ತೆರಿಗೆ ಸೇರಿಸದೆ 2,600 ಹೇಳಿದ ಕುರ್ತಿಗೆ ಚೌಕಾಸಿ ಮಾಡಿ ನೂರು ರೂಪಾಯಿ ಇಳಿಸಿದರೆ ಉಳಿಯುವುದು ಬರೀ ನೂರಲ್ಲ.

ಇಷ್ಟೆಲ್ಲ ಜೋಪಾನ ಮಾಡಿ ತಂದ ಸೀರೆಯ ಬೇಸಿಗೆ ಕೆಡುವುದು ದರ್ಜಿಯ ಅಂಗಡಿಯಲ್ಲಿ. ರಾಯಚೂರಿನ ತೀನ್ ಕಂದೀಲ್ ಆಸುಪಾಸಿನಲ್ಲಿ ಬೆಳಕಿಗೆ ಹಿಡಿದು ಹಿಡಿದು ಬಣ್ಣ ಹೊಂದಿಸಿ, ಗುಳೇದಗುಡ್ಡದ ಖಣ ಕುಪ್ಪಸಕ್ಕೆಂದು ಕೊಟ್ಟು ಬಂದಿರುತ್ತಾರೆ. ಹೊಲಿದು ಬಂದಾಗ ಒಳಗೆ ಅಸ್ತರಿ ಮಾತ್ರ ಪಾಲಿಯೆಸ್ಟರಿನದು. ಮೇಲೆ ಖಣ, ಮೈಗೆ ತಾಗುವುದು ಪ್ಲಾಸ್ಟಿಕ್ಕು! ಲಂಗದ್ದೂ ಇದೇ ಕಥೆ: ಮೀನಿನ ಹಾಗೆ ಮೈಗಂಟುವ ಹೊಸ ನಮೂನೆಯ ಲಂಗ ಫೋಟೋದಲ್ಲಿ ಚೆಂದ, ದೇವದುರ್ಗದ ಬಸ್ ನಿಲ್ದಾಣದಲ್ಲಿ ಶಿಕ್ಷೆ. ಅದಕ್ಕೇ ಅನುಭವಸ್ಥರು ಖಣದ ಜೊತೆಗೇ ಕಾಟನ್ ಅಸ್ತರಿಯನ್ನೂ ಕತ್ತರಿಸಿಕೊಂಡು, ನೀರಿನಲ್ಲಿ ನೆನೆಸಿ ಒಣಗಿಸಿ, ದರ್ಜಿಯ ಕೈಗೇ ಇಡುತ್ತಾರೆ. “ಇದನ್ನs ಹಾಕ್ರಿ ಮತ್ತ” ಎಂದು ಎರಡು ಸಲ ಹೇಳಿಯೇ ಮೆಟ್ಟಿಲಿಳಿಯುತ್ತಾರೆ. ಯುಗಾದಿಗೆ ಬೇಕಾದ ಕುಪ್ಪಸವನ್ನು ಹೋಳಿ ಹುಣ್ಣಿಮೆಗೂ ಮೊದಲೇ ಕೊಟ್ಟಿರಬೇಕು ಎನ್ನುವುದೂ ಅವರಿಗೆ ಗೊತ್ತು.