ಹಾರಿದ ಸೈಕಲ್ಲು, ಜೋಡಿಸಿದ ಕೈಗಳು

ತುಂಬು ಚಂದ್ರನ ಎದುರು ಒಬ್ಬ ಹುಡುಗ ಸೈಕಲ್ ತುಳಿಯುತ್ತಾ ಆಕಾಶದಲ್ಲಿ ಹಾದುಹೋಗುತ್ತಾನೆ. ಹ್ಯಾಂಡಲ್ಲಿನ ಮುಂದಿನ ಬುಟ್ಟಿಯಲ್ಲಿ ಬಟ್ಟೆ ಹೊದ್ದು ಕುಳಿತ ಅನ್ಯಲೋಕದ ಜೀವಿ. 1982ರ ಜೂನ್‌ನಲ್ಲಿ ತೆರೆಕಂಡ ಸ್ಟೀವನ್ ಸ್ಪೀಲ್‌ಬರ್ಗ್‌ರ 'ಇ.ಟಿ.' ಚಿತ್ರದ ಈ ದೃಶ್ಯವನ್ನು ಸಿನಿಮಾ ನೋಡದವರೂ ಯಾವುದೋ ಪೋಸ್ಟರಿನಲ್ಲೋ ಮಕ್ಕಳ ಅಂಗಿಯ ಮೇಲೋ ಕಂಡಿರುತ್ತಾರೆ. ಆ ಹುಡುಗ ತುಳಿಯುತ್ತಿದ್ದ ಸೈಕಲ್ಲಿನ ಜಾತಿಗೆ ಬಿಎಂಎಕ್ಸ್ ಎಂದು ಹೆಸರು. ಬೈಸಿಕಲ್ ಮೋಟೋಕ್ರಾಸ್ ಎಂಬುದರ ಚಿಕ್ಕ ರೂಪ ಅದು. 20 ಇಂಚಿನ ಗಾಲಿ, ಗಿಡ್ಡ ಫ್ರೇಮು, ಎತ್ತರದ ಹ್ಯಾಂಡಲ್, ಮಣ್ಣು ಕಚ್ಚುವ ದಪ್ಪ ಟೈರು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಗಂಟೆಯೂ ಇಲ್ಲ.

ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಐವತ್ತು ದಾಟಿದೆ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಆ ತಲೆಮಾರಿನ ಗಂಡಸರು ಇಂದು ಹಳೆಯ ಬಿಎಂಎಕ್ಸ್‌ಗಳನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಒಂದೊಂದೇ ಭಾಗ ಸಂಪಾದಿಸಿ ಮತ್ತೆ ಜೋಡಿಸುತ್ತಿದ್ದಾರೆ, ಜೋಡಿಸಿದ್ದನ್ನು ಗೋಡೆಗೆ ತೂಗುಹಾಕುತ್ತಿದ್ದಾರೆ. ಇದನ್ನು ಹಳಹಳಿಕೆ ಎಂದು ಕರೆದು ನಕ್ಕು ಮುಂದೆ ಹೋಗಬಹುದು. ಹಾಗೆ ಮಾಡುವುದು ಸರಿಯಲ್ಲ. ಒಂದು ತಲೆಮಾರು ತನ್ನ ಬಾಲ್ಯದಲ್ಲಿ ಏನನ್ನು ನೆನಪಿಡುತ್ತದೆ, ಏನನ್ನು ಕೈಬಿಡುತ್ತದೆ ಎಂಬುದು ಸಾಹಿತ್ಯ, ಸಿನಿಮಾಗಳ ವಿಮರ್ಶೆಗೆ ಹೊರಗಿನ ವಿಷಯವೇನಲ್ಲ.

ಕನ್ನಡದ 'ಹಳಹಳಿಕೆ' ಒಳ್ಳೆಯ ಮಾತು. ಆದರೆ ಇಲ್ಲಿ ಉರ್ದುವಿನ ಎರಡು ಪದಗಳು ನನಗೆ ಹೆಚ್ಚು ಸಹಾಯಕ್ಕೆ ಬರುತ್ತವೆ: ಯಾದ್ ಮತ್ತು ಹಸ್ರತ್. ಯಾದ್ ಎಂದರೆ ನೆನಪು. ನಮಗೆ ಇದ್ದದ್ದರ, ನಮ್ಮ ಕೈ ಮುಟ್ಟಿದ್ದರ ನೆನಪು. ಹಸ್ರತ್ ಎಂದರೆ ಈಡೇರದೆ ಉಳಿದ ಆಸೆ. ಸಿಗದೇ ಹೋದದ್ದಕ್ಕಾಗಿ ಎದೆಯಲ್ಲಿ ಉಳಿದ ಮಿಡುಕು. ವಯಸ್ಸಾದಂತೆ ಇವೆರಡೂ ಒಂದರೊಳಗೊಂದು ಬೆರೆತುಹೋಗುತ್ತವೆ. ಬಿಎಂಎಕ್ಸ್‌ನ ಹಳಹಳಿಕೆಯಲ್ಲಿ ಯಾದ್ ಎಷ್ಟು, ಹಸ್ರತ್ ಎಷ್ಟು ಎಂದು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಮೊದಲು ಯಾದ್. ಬಿಎಂಎಕ್ಸ್ ಯಾವ ಕಂಪನಿಯ ನಕ್ಷೆಯಲ್ಲೂ ಹುಟ್ಟಿದ್ದಲ್ಲ. 1960ರ ದಶಕದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು 20 ಇಂಚಿನ ಹಳೆಯ ಸೈಕಲ್ಲುಗಳಿಗೆ ಎತ್ತರದ ಹ್ಯಾಂಡಲ್, ಉದ್ದನೆಯ ಬಾಳೆಕಾಯಿ ಆಕಾರದ ಸೀಟು ಕೂಡಿಸಿ ಓಡಿಸುತ್ತಿದ್ದರು. ಚಿಕಾಗೋದ ಶ್ವಿನ್ ಕಂಪನಿಯ ಆಲ್ ಫ್ರಿಟ್ಜ್ ಎಂಬ ಅಧಿಕಾರಿಯ ಕಿವಿಗೆ ಈ ಸುದ್ದಿ ಬಿತ್ತು. 1963ರಲ್ಲಿ ಶ್ವಿನ್ 'ಸ್ಟಿಂಗ್-ರೇ' ಎಂಬ ಸೈಕಲನ್ನು ಮಾರುಕಟ್ಟೆಗೆ ಬಿಟ್ಟಿತು. ಅಂದರೆ ಮಕ್ಕಳು ಕಂಪನಿಯನ್ನು ನಕಲು ಮಾಡಲಿಲ್ಲ, ಕಂಪನಿಯೇ ಮಕ್ಕಳನ್ನು ನಕಲು ಮಾಡಿತು.

ಮಕ್ಕಳು ಅಷ್ಟಕ್ಕೇ ಬಿಡಲಿಲ್ಲ. ಕಂಪನಿ ಹೊಳಪು ಕೊಟ್ಟು ಮಾರಿದ ಸ್ಟಿಂಗ್-ರೇಯನ್ನು ಮತ್ತೆ ಬಿಚ್ಚಿದರು. ಮಡ್‌ಗಾರ್ಡ್ ತೆಗೆದರು, ಚೈನ್‌ಗಾರ್ಡ್ ಕಿತ್ತರು, ಸ್ಟ್ಯಾಂಡ್ ಬಿಸಾಡಿದರು. ಮೋಟಾರ್‌ಸೈಕಲ್ಲಿನಂತೆ ಅಡ್ಡಪಟ್ಟಿ ಇರುವ ಹ್ಯಾಂಡಲ್ ಹಾಕಿ, ಮುಂದೆ ನಂಬರ್ ಬರೆದ ಫಲಕ ಕಟ್ಟಿ, ಖಾಲಿ ನಿವೇಶನಗಳ ಮಣ್ಣುದಿಬ್ಬಗಳ ಮೇಲೆ ಹಾರತೊಡಗಿದರು. 1969ರಲ್ಲಿ ಲಾಸ್ ಏಂಜಲೀಸ್‌ನ ಪಾಮ್ಸ್ ಪಾರ್ಕಿನಲ್ಲಿ ಇಂಥ ರೇಸುಗಳು ನಡೆದವು. 1970ರ ನವೆಂಬರ್‌ನಲ್ಲಿ ಲಾಂಗ್ ಬೀಚ್‌ನ ಖಾಲಿ ಜಾಗವೊಂದರಲ್ಲಿ ಸ್ಕಾಟ್ ಬ್ರೈಟ್‌ಹಾಪ್ಟ್ ಎಂಬ 13 ವರ್ಷದ ಹುಡುಗ ತಾನೇ ರೇಸ್ ಏರ್ಪಡಿಸಿದ. ಮೋಟಾರ್‌ಸೈಕಲ್ ಸ್ಪರ್ಧೆಗಳಲ್ಲಿ ತಾನು ಗೆದ್ದ ಟ್ರೋಫಿಗಳನ್ನೇ ಬಹುಮಾನವಾಗಿ ಕೊಟ್ಟ. ಬ್ರೂಸ್ ಬ್ರೌನ್ ಅವರ 'ಆನ್ ಎನಿ ಸಂಡೇ' (1971) ಮೋಟಾರ್‌ಸೈಕಲ್ಲುಗಳ ಬಗೆಗಿನ ಸಾಕ್ಷ್ಯಚಿತ್ರ. ಅದು ಆರಂಭವಾಗುವುದು ಇಂಥ ಮಕ್ಕಳಿಂದ. ಸೈಕಲ್ ತುಳಿಯುತ್ತಾ ಬಾಯಲ್ಲೇ ಇಂಜಿನ್ ಶಬ್ದ ಮಾಡುವ ಆ ಮಕ್ಕಳ ಮೈಮೇಲಿನ ಧೂಳು ಪ್ರಸಾಧನದ ಧೂಳಲ್ಲ. ಅಮೆರಿಕದ ಊರೂರಿನ ಮಕ್ಕಳು ಅದನ್ನು ನೋಡಿ ತಮ್ಮ ಸೈಕಲ್ಲುಗಳನ್ನು ಬಿಚ್ಚಿದರು.

ಹಾರಿದ ಸೈಕಲ್ ಮುರಿಯದೇ ಇರುತ್ತದೆಯೇ? ಫೋರ್ಕ್ ಬಾಗಿತು, ಗಾಲಿಯ ಕಡ್ಡಿಗಳು ಪಟಪಟನೆ ಕಿತ್ತುಬಂದವು, ಫ್ರೇಮು ಹ್ಯಾಂಡಲ್ ಕೂಡುವ ಜಾಗದಲ್ಲಿ ಬಿರುಕುಬಿಟ್ಟಿತು. ಬಿಎಂಎಕ್ಸ್‌ನ ನಿಜವಾದ ಇತಿಹಾಸ ಈ ಮುರಿತಗಳ ಇತಿಹಾಸ. ಗ್ಯಾರಿ ಟರ್ನರ್ ರೇಸ್ ಕಾರುಗಳ ಚಾಸಿ ಬೆಸೆಯುತ್ತಿದ್ದವರು. ಮಗನಿಗಾಗಿ ಅದೇ ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಕೊಳವೆಯಿಂದ ಒಂದು ಫ್ರೇಮು ಮಾಡಿಕೊಟ್ಟರು. ಆ ಬೆಸುಗೆಯೇ ಮುಂದೆ 'ಜಿಟಿ' ಎಂಬ ಕಂಪನಿಯಾಯಿತು. ಹುಡುಗರ ಗಾಲಿಗಳು ಮುರಿಯುವುದನ್ನು ಕಂಡು ಸ್ಕಿಪ್ ಹೆಸ್ ಕಡ್ಡಿಗಳೇ ಇಲ್ಲದ ಎರಕದ ಗಾಲಿ ತಯಾರಿಸಿದರು. 'ಮಂಗೂಸ್' ಸೈಕಲ್ಲುಗಳ ಆರಂಭ ಆ ಗಾಲಿ. ಲಿನ್ ಕಾಸ್ಟನ್ 'ರೆಡ್‌ಲೈನ್' ಹೆಸರಿನಲ್ಲಿ ಗಟ್ಟಿ ಕೊಳವೆಯ ಫೋರ್ಕ್ ತಂದರು. ಬಾಬ್ ಹಾರೋ ಎಂಬ ತರುಣ ನಂಬರ್ ಫಲಕಗಳನ್ನು ಮಾಡಿ ಮಾರತೊಡಗಿದ. ಇವರು ಯಾರೂ ಮೊದಲು ಇಡೀ ಸೈಕಲ್ ಮಾರಲು ಹೊರಟವರಲ್ಲ. ಒಬ್ಬರು ಗಾಲಿ, ಒಬ್ಬರು ಫೋರ್ಕ್, ಇನ್ನೊಬ್ಬರು ಫಲಕ. ಅವನ್ನೆಲ್ಲ ಕೂಡಿಸಿ ಸೈಕಲ್ ಮಾಡಿದ್ದು ಹುಡುಗರು. ಹಣ ಇದ್ದಾಗ ಒಂದು ಭಾಗ, ಇಲ್ಲದಾಗ ಗೆಳೆಯನ ಸೈಕಲ್ಲಿನಿಂದ ಬದಲಿಸಿಕೊಂಡ ಇನ್ನೊಂದು. ಹೊಂದಿಕೊಂಡದ್ದೇ ಸರಿಯಾದ ಭಾಗ. ಅಂದಿನ ಕಾನೂನು ಅದೊಂದೇ.

ಈ ಹಿನ್ನೆಲೆಯಿಟ್ಟುಕೊಂಡು 'ಇ.ಟಿ.' ಚಿತ್ರವನ್ನು ಮತ್ತೆ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮೆಲಿಸಾ ಮ್ಯಾಥಿಸನ್ ಬರೆದ ಆ ಚಿತ್ರಕಥೆಯ ಹೃದಯದಲ್ಲೇ ಜೋಡಣೆಯ ಕೆಲಸ ಇದೆ. ತನ್ನ ಲೋಕಕ್ಕೆ ಸಂದೇಶ ಕಳಿಸಲು ಇ.ಟಿ. ಒಂದು ಯಂತ್ರ ಮಾಡುತ್ತಾನೆ. ಯಾವುದರಿಂದ? ಮಕ್ಕಳಿಗೆ ಕಾಗುಣಿತ ಕಲಿಸುವ ಆಟಿಕೆ, ಗರಗಸದ ಚಕ್ರ, ಊಟದ ಮುಳ್ಳುಚಮಚ, ಛತ್ರಿ. ಮನೆಯ ಮೂಲೆಯಲ್ಲಿ ಬಿದ್ದದ್ದನ್ನೆಲ್ಲ ಕೂಡಿಸಿ ನಕ್ಷತ್ರಗಳ ಜೊತೆ ಮಾತಾಡುವ ಸಾಧನ! ಚಿತ್ರದ ಅತ್ಯಂತ ಮಾನವೀಯ ಕಲ್ಪನೆ ಇದು. ಗುಜರಿಗೂ ಗಗನಕ್ಕೂ ನಡುವೆ ಒಂದು ಜೊತೆ ಜಾಣ ಕೈಗಳಷ್ಟೇ ಬೇಕು ಎಂದು ಅದು ಹೇಳುತ್ತದೆ.

ಆದರೆ ಅದೇ ಚಿತ್ರದಲ್ಲಿ ಸೈಕಲ್ಲುಗಳು? ಜಪಾನಿನ ಕುವಾಹರಾ ಕಂಪನಿಯ ಸಿದ್ಧ ಸೈಕಲ್ಲುಗಳು. ಯಾವ ಹುಡುಗನೂ ಚೈನ್ ಏರಿಸುವುದಿಲ್ಲ, ಸ್ಪ್ಯಾನರ್ ಹಿಡಿಯುವುದಿಲ್ಲ, ಯಾವ ಬೆರಳಿಗೂ ಗ್ರೀಸ್ ಅಂಟುವುದಿಲ್ಲ. ಕಟ್ಟುವ ಕೌಶಲವನ್ನೆಲ್ಲ ಚಿತ್ರ ಅನ್ಯಲೋಕದ ಜೀವಿಗೆ ಕೊಟ್ಟು, ಮಕ್ಕಳ ಪಾಲಿಗೆ ಸವಾರಿಯನ್ನಷ್ಟೇ ಉಳಿಸಿತು. ಆ ಸವಾರಿ ಚೆನ್ನಾಗಿಯೇ ಇದೆ ಎಂಬುದನ್ನೂ ಹೇಳಬೇಕು. ಕೊನೆಯ ಬೆನ್ನಟ್ಟುವಿಕೆಯಲ್ಲಿ ಸೈಕಲ್ಲುಗಳು ಗುಡ್ಡ ಇಳಿಯುವ, ನೆಗೆಯುವ, ತಿರುಗುವ ದೃಶ್ಯಗಳು ನಿಜವಾದ ಸವಾರರ ಸಾಧನೆ. ನಂಬರ್ ಫಲಕಗಳ ಆ ಬಾಬ್ ಹಾರೋ ಕೂಡ ಅಲ್ಲಿ ಸಾಹಸ ಸವಾರನಾಗಿ ತುಳಿದಿದ್ದಾನೆ. ಆದರೆ ಪೊಲೀಸರ ಕಾರುಗಳು ದಾರಿ ಕಟ್ಟಿದ ಕ್ಷಣದಲ್ಲಿ ಸವಾರಿ ನಿಂತು ಪವಾಡ ಶುರುವಾಗುತ್ತದೆ. ಸೈಕಲ್ಲುಗಳು ಮೇಲೇಳುತ್ತವೆ. ಪ್ರೇಕ್ಷಕರ ನೆನಪಿನಲ್ಲಿ ಉಳಿದದ್ದು ಆ ಪವಾಡ. ಹಾರಿದ ಸೈಕಲ್ ನೆಲಕ್ಕೆ ಬಿದ್ದು ಮುರಿಯುವ ಸತ್ಯ ಅಲ್ಲಿಗೆ ಮರೆಯಾಯಿತು. ಹಸ್ರತ್ ಹುಟ್ಟಿದ್ದು ಅಲ್ಲಿ: ಹುಡುಗನಿಗೆ ಇನ್ನು ತಾನು ಜೋಡಿಸಿದ ಸೈಕಲ್ ಸಾಲದು, ಪರದೆಯ ಮೇಲಿನ ಸೈಕಲ್ಲೇ ಬೇಕು.

ಈ ಚಿತ್ರದ ಮುಂದಿನ ಕಥೆಯೂ ಪಾಠದಂತಿದೆ. ಬಿಡುಗಡೆಯಾಗಿ 20 ವರ್ಷವಾದಾಗ, 2002ರಲ್ಲಿ, ಸ್ಪೀಲ್‌ಬರ್ಗ್ ಅದನ್ನು ತಿದ್ದಿ ಮತ್ತೆ ತೆರೆಗೆ ತಂದರು. ಅಧಿಕಾರಿಗಳ ಕೈಯಲ್ಲಿದ್ದ ಬಂದೂಕುಗಳು ಮಾಯವಾಗಿ ವಾಕಿಟಾಕಿಗಳು ಬಂದವು. ಹಾಗೆ ತಿದ್ದಬಾರದಿತ್ತು ಎಂದು ಅವರೇ ಮುಂದೆ ಬಹಿರಂಗವಾಗಿ ಒಪ್ಪಿಕೊಂಡರು. ಹಳಹಳಿಕೆಯ ಸ್ವಭಾವವೇ ಇದು. ಅದಕ್ಕೆ ಗತಕಾಲ ಬೇಕು, ಆದರೆ ಅದರ ಗೀರು, ಒರಟು, ಭಯ ಬೇಡ.

ಇನ್ನೊಂದು ಪ್ರಶ್ನೆ: ಈ ನೆನಪು ಯಾರದು? 'ಇ.ಟಿ.'ಯ ಆ ಓಟದಲ್ಲಿ ಇರುವವರೆಲ್ಲ ಗಂಡುಹುಡುಗರು. ತಂಗಿ ಗರ್ಟಿಗೆ ಸಿಗುವುದು ಅಮ್ಮನಿಗೆ ಚೀಟಿ ತಲುಪಿಸುವ ಕೆಲಸ. ಮರುವರ್ಷ, 1983ರಲ್ಲಿ, ಆಸ್ಟ್ರೇಲಿಯಾದಿಂದ 'ಬಿಎಂಎಕ್ಸ್ ಬ್ಯಾಂಡಿಟ್ಸ್' ಬಂತು. ಅದರಲ್ಲಿ ಹದಿಹರೆಯದ ನಿಕೋಲ್ ಕಿಡ್‌ಮನ್ ಸವಾರಳು. ಸೂಪರ್‌ಮಾರ್ಕೆಟ್ಟಿನಲ್ಲಿ ತಳ್ಳುಗಾಡಿ ಜೋಡಿಸುವ ಕೆಲಸ ಮಾಡಿ ಸೈಕಲ್ಲಿಗೆ ದುಡ್ಡು ಕೂಡಿಡುವ ಹುಡುಗಿ. ದುಡಿಮೆಯ ವಾಸನೆ ಇರುವ ಪಾತ್ರ ಎಂಬ ಕಾರಣಕ್ಕೇ ಆ ಸಾಧಾರಣ ಚಿತ್ರ ನನಗೆ ಮುಖ್ಯವೆನಿಸುತ್ತದೆ. ಆದರೆ ಆಕೆಯ ಸೈಕಲ್ ಸಾಹಸಗಳನ್ನು ಮಾಡಿದ್ದು ವಿಗ್ ಹಾಕಿಕೊಂಡ ಒಬ್ಬ ಯುವಕ. 2016ರಲ್ಲಿ ಆರಂಭವಾದ 'ಸ್ಟ್ರೇಂಜರ್ ಥಿಂಗ್ಸ್' ಸರಣಿ ಆ ಕಾಲದ ಹಳಹಳಿಕೆಯನ್ನೇ ಬಂಡವಾಳ ಮಾಡಿಕೊಂಡದ್ದು. ಅದರ ಮೊದಲ ಕಂತುಗಳ ಓಟದಲ್ಲೂ ಇಲೆವೆನ್ ಎಂಬ ಹುಡುಗಿ ಹುಡುಗನ ಬೆನ್ನ ಹಿಂದೆ ಕುಳಿತಿದ್ದಾಳೆ. ಎದುರು ಬರುವ ವ್ಯಾನನ್ನು ಮನಸ್ಸಿನ ಶಕ್ತಿಯಿಂದಲೇ ಗಾಳಿಗೆ ಎತ್ತಿ ಎಸೆಯಬಲ್ಲವಳಿಗೆ ಹ್ಯಾಂಡಲ್ ಮಾತ್ರ ಸಿಗಲಿಲ್ಲ! ಪರದೆಯ ಹೊರಗೆ ಕಥೆ ಬೇರೆಯೇ ಇತ್ತು. 1980ರ ದಶಕದ ಆರಂಭದಲ್ಲೇ ಶೆರಿ ಎಲಿಯಟ್‌ರಂಥ ಹುಡುಗಿಯರು ಅಮೆರಿಕದ ಟ್ರ್ಯಾಕುಗಳಲ್ಲಿ ಹೆಸರು ಮಾಡಿದ್ದರು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಬಿಎಂಎಕ್ಸ್ ಮೊದಲ ಬಾರಿ ಬಂದಾಗ ಮಹಿಳೆಯರ ಚಿನ್ನ ಫ್ರಾನ್ಸಿನ ಆನ್-ಕ್ಯಾರೊಲಿನ್ ಶೋಸೋನ್ ಪಾಲಾಯಿತು. ಹಳಹಳಿಕೆಯ ಕಥೆಗಳಿಗೆ ಇವರು ಇನ್ನೂ ಬಂದು ಸೇರಿಲ್ಲ.

ಈಗ ಸಂಗ್ರಾಹಕರ ಲೋಕಕ್ಕೆ ಬರೋಣ. ಅಲ್ಲಿ ಅತ್ಯಂತ ಬೆಲೆಬಾಳುವುದು 'ನ್ಯೂ ಓಲ್ಡ್ ಸ್ಟಾಕ್', ಅಂದರೆ ಹಳೆಯ ಕಾಲದಲ್ಲಿ ತಯಾರಾಗಿ ಪೆಟ್ಟಿಗೆಯಿಂದ ಹೊರಗೇ ಬಾರದ ಭಾಗ. ಯಾವ ಮಗುವೂ ಮುಟ್ಟದ ಪೆಡಲ್, ಯಾವ ಮಣ್ಣೂ ಕಾಣದ ಟೈರು. ಫ್ರೇಮು ಯಾವ ವರ್ಷದ್ದೋ ಉಳಿದ ಭಾಗಗಳೂ ಅದೇ ವರ್ಷದವಾಗಿರಬೇಕು ಎಂಬ ಮಡಿ ಬೇರೆ. ಬಾಲ್ಯವನ್ನು ನೆನೆಯುವ ವಸ್ತುವಿಗೆ ಇರಬೇಕಾದ ದೊಡ್ಡ ಗುಣ ಯಾವ ಬಾಲ್ಯವೂ ಅದನ್ನು ಸೋಕದಿರುವುದು! ಹೊಂದಿಕೊಂಡದ್ದೇ ಸರಿ ಎಂದು ಹುಟ್ಟಿದ ಕಲೆ ಹೊಂದಿಕೆಗಿಂತ ವಂಶಾವಳಿ ಮುಖ್ಯ ಎಂಬಲ್ಲಿಗೆ ಬಂದು ನಿಂತಿದೆ. ಕಂಪನಿಗಳೂ ಹಿಂದೆ ಬಿದ್ದಿಲ್ಲ. ಹಳೆಯ ಹೆಸರು, ಹಳೆಯ ಬಣ್ಣಗಳ ಸೈಕಲ್ಲುಗಳನ್ನು ದೊಡ್ಡವರ ಮೈಗೆ ಹೊಂದುವ ದೊಡ್ಡ ಗಾಲಿಗಳ ಮೇಲೆ ಮತ್ತೆ ತಂದಿವೆ. 1963ರಲ್ಲಿ ಮಕ್ಕಳ ಕಲ್ಪನೆಯನ್ನು ಅವರಿಗೇ ಮಾರಿದಂತೆ, ಈಗ ಅವರ ನೆನಪನ್ನು ಅವರಿಗೇ ಮಾರಲಾಗುತ್ತಿದೆ.

ಲಾಂಗ್ ಬೀಚ್‌ನ ಆ ಹುಡುಗ ಸ್ಕಾಟ್ ಬ್ರೈಟ್‌ಹಾಪ್ಟ್ ಬೆಳೆದು 1977ರಲ್ಲಿ 'ಎಸ್‌ಇ ರೇಸಿಂಗ್' ಕಂಪನಿ ಕಟ್ಟಿದ. ಅದರ 'ಪಿಕೆ ರಿಪ್ಪರ್' ಎಂಬ ಅಲ್ಯೂಮಿನಿಯಂ ಸೈಕಲ್ ಇಂದಿಗೂ ಸಂಗ್ರಾಹಕರ ಕಣ್ಮಣಿ. ಕಂಪನಿ ಮಾತ್ರ ಅವನ ಕೈಯಲ್ಲಿ ಉಳಿಯಲಿಲ್ಲ. ವ್ಯಸನದೊಡನೆ ವರ್ಷಗಳ ಕಾಲ ಸೆಣಸಿದ. 2015ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಇಂಡಿಯೋ ಎಂಬ ಊರಿನ ಖಾಲಿ ಜಾಗವೊಂದರ ಡೇರೆಯಲ್ಲಿ ಅವನ ಶವ ಸಿಕ್ಕಿತು. ವಯಸ್ಸು 57. ಖಾಲಿ ಜಾಗದಲ್ಲಿ ಆಟ ಕಟ್ಟಿದವನು ಖಾಲಿ ಜಾಗದಲ್ಲೇ ತೀರಿಕೊಂಡ. ಇದಕ್ಕೆ ಸಂಗ್ರಾಹಕರನ್ನು ಹೊಣೆ ಮಾಡುವುದು ಅನ್ಯಾಯ. ಬಿಎಂಎಕ್ಸ್ ಬಳಗ ಅವನಿಗಾಗಿ ಮನಸಾರೆ ದುಃಖಿಸಿತು. ಆದರೂ ಒಂದು ಮಾತು ಉಳಿಯುತ್ತದೆ. ವಸ್ತುವನ್ನು ತುಕ್ಕು ಹಿಡಿಯದಂತೆ ಕಾಯುವುದು ಸುಲಭ, ಮನುಷ್ಯನನ್ನು ಕಾಯುವುದು ಕಷ್ಟ.

ಓದುಗರು ಕೇಳಬಹುದು: ನಮ್ಮ ಊರುಗಳಲ್ಲೂ ಹಳೆಯ ಭಾಗ ಕೂಡಿಸಿ ಸೈಕಲ್ ನಿಲ್ಲಿಸುತ್ತಿದ್ದರಲ್ಲ, ಅದೂ ಇದೇ ಅಲ್ಲವೇ? ಅಲ್ಲ. ನಮ್ಮ ಸೈಕಲ್ ಶಾಪಿನ ಮಿಸ್ತ್ರಿ ಗಾಲಿಯ ಬೆಂಡ್ ತೆಗೆದದ್ದು ಹಾಲು ಹಾಕುವವನು, ಶಾಲೆಯ ಮೇಷ್ಟ್ರು, ಕೂಲಿಗೆ ಹೋಗುವವನು ಮರುದಿನ ಬೆಳಿಗ್ಗೆ ಹೊರಡಲೇಬೇಕಾಗಿತ್ತು ಎಂಬ ಕಾರಣಕ್ಕೆ. ಅದು ಹೊಟ್ಟೆಪಾಡಿನ ಜೋಡಣೆ. ಕ್ಯಾಲಿಫೋರ್ನಿಯಾದ್ದು ಆಟದ ಜೋಡಣೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ನಮ್ಮ ಬಡತನವನ್ನು ಸುಂದರಗೊಳಿಸಿದಂತೆ ಆಗುತ್ತದೆ, ಅಷ್ಟೇ. ಎರಡಕ್ಕೂ ಸಮಾನವಾದದ್ದು ಒಂದೇ: ಉರ್ದುವಿನಲ್ಲಿ ನಾವು ಹುನರ್ ಎನ್ನುವ, ಕೈಗೆ ಮಾತ್ರ ಗೊತ್ತಿರುವ ಆ ತಿಳಿವಳಿಕೆ. ನಟ್ಟು ಎಷ್ಟು ಬಿಗಿದರೆ ಸಾಕು, ಎಷ್ಟು ಬಿಗಿದರೆ ದಾರ ಹರಿಯುತ್ತದೆ ಎಂಬುದನ್ನು ಯಾವ ಕ್ಯಾಟಲಾಗೂ ಹೇಳಿಕೊಡುವುದಿಲ್ಲ.

ಹಾಗಾಗಿ ಈ ಹಳಹಳಿಕೆಯನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗೋಡೆಗೆ ತೂಗುಹಾಕಲೆಂದೇ ಕೊಳ್ಳುವವನದು ಹಸ್ರತ್. ಅದು ಹಣದಿಂದ ತೀರುವುದಿಲ್ಲ, ಒಂದು ಸೈಕಲ್ ಸಿಕ್ಕ ಮೇಲೆ ಇನ್ನೊಂದು ಬೇಕೆನಿಸುತ್ತದೆ. ಆದರೆ ಐವತ್ತು ದಾಟಿದವನೊಬ್ಬ ರಾತ್ರಿ ದೀಪ ಹಾಕಿಕೊಂಡು ಜಾಮ್ ಆದ ಹಬ್ ಬಿಚ್ಚಿ, ಬಾಲ್ಸ್ ಒರೆಸಿ, ಹೊಸ ಗ್ರೀಸ್ ತುಂಬುವಾಗ ನಡೆಯುವುದು ಬೇರೆ. ಅವನ ಬೆರಳುಗಳು ತಮಗೆ ಗೊತ್ತಿದ್ದದ್ದನ್ನು ಮತ್ತೆ ಹುಡುಕುತ್ತಿರುತ್ತವೆ. ಅದು ಯಾದ್. ಅವನು ಆ ಸ್ಪ್ಯಾನರನ್ನು ಪಕ್ಕದಲ್ಲಿ ಕುಳಿತ ಮಗನ ಕೈಗೋ ಮಗಳ ಕೈಗೋ ಕೊಟ್ಟು, ಜೋಡಿಸಿದ ಸೈಕಲನ್ನು ಬೀದಿಗೆ ಬಿಟ್ಟು, ಅದಕ್ಕೊಂದು ಗೀರು ಬೀಳಲು ಒಪ್ಪಿದರೆ ಆ ನೆನಪಿಗೆ ಮುಂದಿನ ಬಾಳುವೆ ಇದೆ. ಪೆಟ್ಟಿಗೆಯಲ್ಲೇ ಉಳಿದ ಭಾಗಕ್ಕೆ ಬೆಲೆ ಇರಬಹುದು, ಬಾಲ್ಯ ಇರುವುದಿಲ್ಲ.